ಬಂದ ಅತಿಥಿ ಊರಿಗೆ ಏನು ಬಿಟ್ಟು ಹೋದ?



ಇವತ್ತು ಪ್ರವಾಸೋದ್ಯಮದ ಬಗ್ಗೆ ನಾಲ್ಕು ಮಾತು ಆಡೋಣ. ಪ್ರವಾಸ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಹಂಪಿ, ಮೈಸೂರು, ಅಜಂತಾ, ಮಹಾಬಳೇಶ್ವರ. ‘ಕವಲಾಪುರದಂಥ ಊರಿಗೂ ಪ್ರವಾಸೋದ್ಯಮಕ್ಕೂ ಏನು ಸಂಬಂಧ?’ ಎಂದು ತಾವು ಕೇಳಬಹುದು. ಸಂಬಂಧ ಇದೆ. ನಮ್ಮ ಭಾಗಕ್ಕೆ ಜನ ಬರುವುದು ಹೊಸದಲ್ಲ. ನರಸೋಬವಾಡಿಯ ದತ್ತನ ದರ್ಶನಕ್ಕೆ, ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮನ ಜಾತ್ರೆಗೆ, ಮಿರಜಿನ ಮೀರಾಸಾಹೇಬ ದರ್ಗಾಕ್ಕೆ ಕನ್ನಡ ನಾಡಿನಿಂದ ಜನ ತಲೆತಲಾಂತರದಿಂದ ಬರುತ್ತಿದ್ದಾರೆ. ಬರುವವರು ಬರುತ್ತಾರೆ, ಹೋಗುತ್ತಾರೆ. ಆದರೆ ಅವರು ಊರಿಗೆ ಏನು ಬಿಟ್ಟು ಹೋಗುತ್ತಾರೆ?

ಒಂದು ಲೆಕ್ಕ ಹಾಕಿ ನೋಡಿ. ಒಂದು ಕುಟುಂಬ ಒಂದು ದಿನದ ಪ್ರವಾಸಕ್ಕೆ ಸಾವಿರ ರೂಪಾಯಿ ಖರ್ಚು ಮಾಡಿತು ಎಂದು ಹಿಡಿಯೋಣ. ಗಾಡಿಯ ಎಣ್ಣೆಗೆ ಕೊಟ್ಟದ್ದು ಕಂಪನಿಗೆ ಹೋಯಿತು. ನೀರಿನ ಬಾಟಲಿ, ಬಿಸ್ಕೀಟು ಪುಡಿಕೆ, ಪ್ಲಾಸ್ಟಿಕ್ ಆಟಿಗೆ ಎಲ್ಲವೂ ದೂರದ ಪಟ್ಟಣದ ಮಾಲು. ಊಟ ಹೆದ್ದಾರಿಯ ಹೋಟೆಲಿನಲ್ಲಿ ಆಯಿತು. ಕೊನೆಗೆ ಊರಿನಲ್ಲಿ ಉಳಿದದ್ದು ತೆಂಗಿನಕಾಯಿ, ಹೂವಿನ ಹಣ ಮತ್ತು ಖಾಲಿ ಬಾಟಲಿ! ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೂ ಅಷ್ಟೇ. ಆದ್ದರಿಂದ ಎಷ್ಟು ಜನ ಬಂದರು ಎಂಬುದಕ್ಕಿಂತ ಊರಿನಲ್ಲಿ ಎಷ್ಟು ನಿಂತಿತು ಎಂಬುದೇ ದೊಡ್ಡ ಪ್ರಶ್ನೆ. ಬಹುಕಾಲ ಬಾಳುವ, ಊರನ್ನು ಕೆಡಿಸದ ಪ್ರವಾಸೋದ್ಯಮಕ್ಕೆ ಆಸರೆಯಾಗುವ ಸಂಗತಿಗಳು ಯಾವುವು? ಒಂದೊಂದಾಗಿ ನೋಡೋಣ.

ಮೊದಲನೆಯದು, ಊರಿನ ಸ್ವಂತದ್ದೊಂದು ಇರಬೇಕು. ಬೇರೆ ಕಡೆ ಸಿಗುವುದನ್ನೇ ನೋಡಲು ಯಾರೂ ಬರುವುದಿಲ್ಲ. ಕವಲಾಪುರಕ್ಕೆ ತನ್ನದೇ ಆದ ಹೆಸರಿದೆ. ಕನ್ನಡದಲ್ಲಿ ಗಜ್ಜರಿ ಎನ್ನಿ, ಮರಾಠಿಯಲ್ಲಿ ಗಾಜರ ಎನ್ನಿ, ಸಂಕ್ರಾಂತಿಯ ಮುಂಚೆ ಭೋಗಿಯ ಪಲ್ಲೆಗೆ ಬೇಕಾಗುವ ಆ ಗಜ್ಜರಿ ಎಂದರೆ ಸುತ್ತಿನ ಪೇಟೆಗಳಲ್ಲಿ ಕವಲಾಪುರದ ನೆನಪು ಬರುತ್ತದೆ. ಮಹಾರಾಷ್ಟ್ರದ ತುಂಬ ಜನರನ್ನು ನಗಿಸಿದ ಕಾಳು-ಬಾಳು ಜೋಡಿಯ ತಮಾಷಾ ಫಡವೂ ಈ ಊರಿನದೇ. ಪಕ್ಕದ ಮಿರಜಿನಲ್ಲಿ ಸಿತಾರ, ತಂಬೂರಿ ತಯಾರಾಗುತ್ತವೆ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೆಯ ಶತಮಾನದಲ್ಲಿ ಈ ಕಸುಬಿಗೆ ತಿರುಗಿದವು. ಒಣಗಿದ ದೊಡ್ಡ ಸೋರೆಬುರುಡೆಯಿಂದ ನಾದ ಹೊರಡಿಸುವ ಈ ವಿದ್ಯೆಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ದರ್ಗಾದ ಆವರಣದಲ್ಲಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರೇ.

ಆದರೆ ಮಾನ್ಯತೆಯ ಕಾಗದದಿಂದ ಒಲೆ ಉರಿಯುವುದಿಲ್ಲ. ತಿಂಗಳುಗಟ್ಟಲೆ ಕೂತು ಬುರುಡೆ ಕೊರೆದು, ಕಟ್ಟಿಗೆ ಕೆತ್ತಿ, ತಂತಿ ಬಿಗಿದು ಶ್ರುತಿ ಹಿಡಿಯುವ ಕೆಲಸಕ್ಕೆ ತಕ್ಕ ಬೆಲೆ ಬಾರದಿದ್ದರೆ ಮಗ ಬೇರೆ ನೌಕರಿ ನೋಡುತ್ತಾನೆ. ಕೈಯಲ್ಲಿದ್ದ ವಿದ್ಯೆ ಒಮ್ಮೆ ಕೈಬಿಟ್ಟರೆ ಮತ್ತೆ ಬಾರದು. ಬಂದ ಅತಿಥಿ ಆ ಕೆಲಸವನ್ನು ಕಣ್ಣಾರೆ ಕಂಡು, ಅದರ ಬೆಲೆ ಅರಿತರೆ ಕಸುಬಿಗೆ ಒಂದು ಆಸರೆ ಸಿಗುತ್ತದೆ.

ಎರಡನೆಯದು, ನಿರ್ಧಾರ ಊರಿನ ಕೈಯಲ್ಲಿರಬೇಕು. ಸಾತಾರಾ ಜಿಲ್ಲೆಯ ಪಾಂಚಗಣಿ ಹತ್ತಿರ ಭಿಲಾರ ಎಂಬ ಸ್ಟ್ರಾಬೆರಿ ಬೆಳೆಯುವ ಊರಿದೆ. 2017ರ ಮೇ 4ರಂದು ಅದು ‘ಪುಸ್ತಕಗಳ ಊರು’ ಆಯಿತು. ಯೋಜನೆ ಸರ್ಕಾರದ್ದು, ಪುಸ್ತಕವೂ ಸರ್ಕಾರದ್ದು. ಆದರೆ ಅವನ್ನಿಡಲು ಜಾಗ ಕೊಟ್ಟವರು ಊರಿನವರು. ತಮ್ಮ ಮನೆಯ ಕೋಣೆ, ಪಡಸಾಲೆಗಳನ್ನೇ ಓದುಗರಿಗೆ ತೆರೆದಿಟ್ಟರು. ಓದಲು ಬಂದವರು ಅಲ್ಲೇ ಉಣ್ಣುತ್ತಾರೆ, ಉಳಿಯುತ್ತಾರೆ, ಹಣ್ಣು ಕೊಳ್ಳುತ್ತಾರೆ. ಊರಿನವರು ಬಾಗಿಲು ಮುಚ್ಚಿಕೊಂಡಿದ್ದರೆ ಯಾವ ಯೋಜನೆಯೂ ನಡೆಯುತ್ತಿರಲಿಲ್ಲ. ನಮ್ಮಲ್ಲೂ ಇಂಥ ಮಾತು ಮೊದಲು ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕು.

ಮೂರನೆಯದು, ಲಾಭ ಎಲ್ಲರಿಗೂ ಹಂಚಿಕೆಯಾಗಬೇಕು, ನಷ್ಟ ಒಬ್ಬನ ತಲೆಯ ಮೇಲೆ ಬೀಳಬಾರದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೋಡಿ. ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಊರೊಳಗಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ನೋಡಲು ಜನ ಬರುತ್ತಾರೆ, ಸರಿ. ಆದರೆ ಮರದ ಯಜಮಾನನಿಗೆ ಹುಣಿಸೆ ಫಸಲು ಹೋಯಿತಲ್ಲ! ಅದಕ್ಕಾಗಿ ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ನಷ್ಟಪಟ್ಟವನನ್ನು ಮರೆತರೆ ಅವನು ನಾಳೆ ಕೊಡಲಿ ಎತ್ತುತ್ತಾನೆ. ಅದು ಅವನ ತಪ್ಪಲ್ಲ.

ನಾಲ್ಕನೆಯದು ಮಿತಿ. ಸಾತಾರಾದ ಕಾಸ ಪಠಾರ 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಳೆಗಾಲದ ಹೂವು ನೋಡಲು ಜನ ಮುಗಿಬಿದ್ದರು. ಹೂವು ನೋಡಲು ಬಂದವರೇ ಹೂವು ತುಳಿದರೆ ಉಳಿಯುವುದೇನು? ಹಾಗಾಗಿ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದರು, ಮೊದಲೇ ಹೆಸರು ನೋಂದಾಯಿಸುವ ಪದ್ಧತಿ ತಂದರು. ಪ್ರವೇಶ ಶುಲ್ಕ ವಸೂಲಿ, ಕಾವಲು, ಸ್ವಚ್ಛತೆಗಳಲ್ಲಿ ಸುತ್ತಲಿನ ಹಳ್ಳಿಗಳ ಸಮಿತಿಗೆ ಪಾಲು ಸಿಕ್ಕಿತು, ಹುಡುಗರಿಗೆ ಕೆಲಸ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿಯೂ ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು, ಶೌಚಾಲಯ ಎಷ್ಟು, ಕಸ ಎಲ್ಲಿ ಹೋಗುತ್ತದೆ ಎಂದು ಮೊದಲು ಎಣಿಸಬೇಕು. ಆಮೇಲೆ ಅತಿಥಿಗಳನ್ನು ಕರೆಯಬೇಕು. ಹತ್ತು ಮಂದಿಗೆ ಸಾಲುವ ಅಡಿಗೆಗೆ ನೂರು ಮಂದಿಯನ್ನು ಕರೆದರೆ ಮರ್ಯಾದೆ ಹೋಗುವುದು ಮನೆಯವರದೇ.

ಐದನೆಯದು, ಜನರ ತಯಾರಿ. ಇಲ್ಲಿ ಸೀಮಾಭಾಗದವರ ಹತ್ತಿರ ಒಂದು ಬಂಡವಾಳವಿದೆ. ಅದಕ್ಕೆ ಬ್ಯಾಂಕಿನ ಸಾಲ ಬೇಡ. ಅದು ನಮ್ಮ ಎರಡು ಭಾಷೆ. ಅಥಣಿ, ಚಿಕ್ಕೋಡಿ, ವಿಜಯಪುರದ ಕಡೆಯ ಜನ ಆಸ್ಪತ್ರೆಯ ಕೆಲಸಕ್ಕೆ ಮಿರಜಿಗೆ ಬರುವುದು ತಮಗೆಲ್ಲ ಗೊತ್ತು. ಅವರೊಡನೆ ಕನ್ನಡದಲ್ಲಿ, ಪುಣೆಯಿಂದ ಬಂದವರೊಡನೆ ಮರಾಠಿಯಲ್ಲಿ ಊರಿನ ಕಥೆ ಹೇಳುವ ಹುಡುಗ ಹುಡುಗಿಯರು ನಮ್ಮಲ್ಲಿದ್ದಾರೆ. ದಾರಿಯ ಫಲಕ ಎರಡೂ ಭಾಷೆಯಲ್ಲಿ ಇರಲಿ. ಜೋಳದ ಭಾಕರಿ, ಪುಂಡಿ ಪಲ್ಲೆ, ಶೇಂಗಾ ಚಟ್ನಿ ಮಾಡುವ ತಾಯಂದಿರ ಸ್ವಸಹಾಯ ಗುಂಪಿಗೆ ಊಟದ ಜವಾಬ್ದಾರಿ ಬರಲಿ. ಹಣ ನೇರವಾಗಿ ಅವರ ಖಾತೆಗೇ ಸೇರಲಿ. ಹೊಲದಲ್ಲೇ ಅತಿಥಿಗಳನ್ನು ಇರಿಸಿಕೊಳ್ಳಬಯಸುವ ರೈತರಿಗಾಗಿ ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿಯನ್ನು ತಂದಿದೆ. ನೋಂದಣಿ ಮಾಡಿಸಿಕೊಂಡೇ ಮುಂದುವರಿಯುವುದು ಒಳ್ಳೆಯದು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಒಂದೇ ಎತ್ತಿನ ಮೇಲೆ ನೊಗ ಹೂಡಬೇಡಿ. 2005, 2019 ಮತ್ತು 2021ರ ಕೃಷ್ಣೆಯ ಮಹಾಪೂರಗಳನ್ನು ನಾವು ಕಂಡಿದ್ದೇವೆ. 2020ರಲ್ಲಿ ಕೊರೋನಾ ಬಂದಾಗ ದೇವಸ್ಥಾನಗಳ ಬಾಗಿಲೇ ಮುಚ್ಚಿದವು. ಯಾತ್ರಿಕರನ್ನೇ ನಂಬಿದ್ದ ಅಂಗಡಿಕಾರರ ಪಾಡು ಏನಾಯಿತೆಂದು ನೆನಪಿಸಿಕೊಳ್ಳಿ. ಆದ್ದರಿಂದ ಹೊಲ ಮಾರಿ ಹೋಟೆಲು ಕಟ್ಟಬೇಡಿ. ಪ್ರವಾಸೋದ್ಯಮ ಬೇಸಾಯಕ್ಕೆ ಜೋಡೆತ್ತಾಗಿರಲಿ. ಗಜ್ಜರಿ ಬೆಳೆಯುವುದು ನಿಂತ ದಿನ ಗಜ್ಜರಿಯ ಊರನ್ನು ನೋಡಲು ಬರುವವರೂ ನಿಲ್ಲುತ್ತಾರೆ.

ಕೇಳುಗರೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಅಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಊರಿನಲ್ಲಿ ತೋರಿಸುವಂಥದ್ದು ಏನಿದೆ? ಅದರಿಂದ ಬಂದ ಹಣ ಯಾರ ಕೈ ಸೇರುತ್ತದೆ? ಹತ್ತು ವರ್ಷದ ನಂತರವೂ ಅದು ಹಾಗೆಯೇ ಉಳಿದಿರುತ್ತದೆಯೇ? ಈ ಮೂರಕ್ಕೂ ಊರು ಒಂದಾಗಿ ಉತ್ತರ ಕಂಡುಕೊಂಡರೆ ಅತಿಥಿಯೂ ಸಂತೋಷದಿಂದ ಹೋಗುತ್ತಾನೆ, ಮನೆಯವರೂ ನೆಮ್ಮದಿಯಿಂದ ಇರುತ್ತಾರೆ.