ಬೇಲಿ ಗಿಡದ ಜರ್ಮನ್ ಮೊಮ್ಮಗ

ಕೆಮ್ಮು ಹತ್ತೊಂಬತ್ತನೇ ದಿನಕ್ಕೆ ಕಾಲಿಟ್ಟಾಗ ನಾನು ಕೊಪ್ಪದ ಹತ್ತಿರದ ಒಂದು ತೋಟದ ಮನೆಯ ಜಗಲಿಯಲ್ಲಿ ಕೂತಿದ್ದೆ. ಹೋಗಿದ್ದು ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಬರೆಯಲು. ಆಷಾಢದ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಜ್ವರ ಎಂದೋ ಇಳಿದಿತ್ತು, ಮೂಗು ಸೋರುವುದೂ ನಿಂತಿತ್ತು. ಎದೆಯೊಳಗಿನ ಗೊರಗೊರ ಮಾತ್ರ ಬಾಡಿಗೆ ಕೊಡದ ಬಿಡಾರದವನ ಹಾಗೆ ಜಾಗ ಬಿಡಲು ಒಪ್ಪುತ್ತಿರಲಿಲ್ಲ. ಗೆಳೆಯ ಬಳ್ಳಿಯ ಬುಡ ತೋರಿಸುತ್ತಾ ಏನೋ ಹೇಳುತ್ತಿದ್ದ. ನಾನು ಪ್ರತಿ ವಾಕ್ಯಕ್ಕೂ ಒಂದು ಕೆಮ್ಮು ಸೇರಿಸುತ್ತಿದ್ದೆ. ಒಳಗಿನಿಂದ ಅವನ ತಾಯಿ ಬಂದರು.

“ಎಂತ ಮಾರಾಯ ಇದು, ಎಷ್ಟು ದಿನ ಆತು?”

ಹೇಳಿದೆ. ಅವರು ಮತ್ತೊಂದು ಮಾತಾಡದೆ ಕೊಪ್ಪೆ ಸೂಡಿಕೊಂಡು ಮಳೆಗೆ ಇಳಿದರು. ಬೇಲಿಯ ಕಡೆ ಹೋಗಿ, ಅಂಗೈಗಿಂತ ಉದ್ದದ, ಚೂಪು ತುದಿಯ ಹತ್ತು ಹನ್ನೆರಡು ಎಲೆ ಕೊಯ್ದು ತಂದರು. ಆಡುಸೋಗೆ. ಮಲೆನಾಡಿನಲ್ಲಿ ಇದನ್ನು ಯಾರೂ ಬೆಳೆಸುವುದಿಲ್ಲ. ಗೂಟ ಹೊಡೆದ ಹಾಗೆ ಕಡ್ಡಿ ಊರಿದರೆ ತಾನಾಗಿ ಬೇಲಿಯಾಗುತ್ತದೆ. ದನವೂ ಬಾಯಿ ಹಾಕುವುದಿಲ್ಲ, ಅದಕ್ಕೇ ಬೇಲಿಗೆ ಒಳ್ಳೆಯದು.

ಆಮೇಲಿನ ಕೆಲಸವನ್ನು ನಾನು ಒಲೆಯ ಪಕ್ಕ ಮಣೆ ಹಾಕಿಕೊಂಡು ನೋಡಿದೆ. ಆಡುಸೋಗೆಯ ಹಸಿ ಎಲೆಯನ್ನು ಒರಳಿಗೆ ಹಾಕಿ ಎಷ್ಟು ಜಜ್ಜಿದರೂ ಹಸಿರು ಹಿಟ್ಟಾಗುತ್ತದೆಯೇ ಹೊರತು ರಸ ಬಿಡುವುದಿಲ್ಲ. ಅದಕ್ಕೆ ಅವರು ಎಲೆಗಳನ್ನು ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಬಿಸಿ ಬೂದಿಯೊಳಗೆ ಹೂತಿಟ್ಟರು. ಕಾಲು ಗಂಟೆಯ ಮೇಲೆ ತೆಗೆದಾಗ ಹೊರಗಿನ ಬಾಳೆಲೆ ಕರಿದಾಗಿ, ಒಳಗಿನ ಸೊಪ್ಪು ಬಾಡಿ ಮೆತ್ತಗಾಗಿತ್ತು. ತೆಳು ಬಟ್ಟೆಯಲ್ಲಿ ಹಿಂಡಿದರೆ ಕಡು ಹಸಿರು ರಸ, ಹೆಚ್ಚೆಂದರೆ ಎರಡು ಚಮಚ. ಆಯುರ್ವೇದದವರು ಇದಕ್ಕೆ ಪುಟಪಾಕ ಎನ್ನುತ್ತಾರೆ. ಗೆಳೆಯನ ತಾಯಿ ‘ಬಾಡಿಸೋದು’ ಎಂದರು. ಒಂದು ಚಿಟಿಕೆ ಮೆಣಸಿನ ಪುಡಿ, ಒಂದು ಚಮಚ ಜೇನು ಸೇರಿಸಿ ಕೈಗೆ ಕೊಟ್ಟರು.

ಹಾಗಲ, ಕಿರಾತಕಡ್ಡಿ, ಬೇವು ಎಲ್ಲವನ್ನೂ ತಿಂದ ನಾಲಿಗೆ ನನ್ನದು. ಇದರ ಕಹಿ ಬೇರೆ ಜಾತಿಯದು: ಮೊದಲು ಜೇನು ಮೋಸ ಮಾಡುತ್ತದೆ, ನುಂಗಿದ ಮೇಲೆ ಗಂಟಲ ಬುಡದಿಂದ ಹಿಂದಕ್ಕೆ ಹತ್ತಿ ಬರುತ್ತದೆ. ನನ್ನ ಮುಖ ನೋಡಿ ಅವರಿಗೆ ನಗು. ನೀರು ತರಲು ಒಳಕೋಣೆಗೆ ಹೋದವನಿಗೆ ಕಪಾಟಿನಲ್ಲಿ, ಅರಿಶಿನ ಕುಂಕುಮದ ಬಟ್ಟಲುಗಳ ಪಕ್ಕ, ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪಿನ ಬಾಟಲಿ ಕಂಡಿತು.

“ಅಮ್ಮ, ಇದು ಯಾರಿಗೆ?”

“ನಂಗೇ. ಆ ಸೊಪ್ಪು ಕಹಿ ಮಾರಾಯ, ಯಾರು ಕುಡೀತಾರೆ!”

ಬಾಟಲಿ ತಿರುಗಿಸಿ ಓದಿದೆ. ಆಂಬ್ರಾಕ್ಸಾಲ್ ಹೈಡ್ರೋಕ್ಲೋರೈಡ್. ಮೆಣಸಿನ ರೋಗದ ಲೇಖನ ಅಂದೇ ಹಳ್ಳ ಹಿಡಿಯಿತು. ಯಾಕೆಂದರೆ ಈ ಆಂಬ್ರಾಕ್ಸಾಲ್ ಅವರ ಬೇಲಿಯ ಆಡುಸೋಗೆಯ ಮೊಮ್ಮಗ. ವಂಶಾವಳಿಯೇ ಇದೆ.

ಊಟಿಯಲ್ಲಿ ಡೇವಿಡ್ ಹೂಪರ್ ಎಂಬ ರಸಾಯನಶಾಸ್ತ್ರಜ್ಞ ಇದ್ದ. ಮದ್ರಾಸ್ ಸರ್ಕಾರದ ಸಿಂಕೋನಾ ತೋಟದ ತೊಗಟೆಯಲ್ಲಿ ಕ್ವಿನೈನ್ ಎಷ್ಟಿದೆ ಎಂದು ಅಳೆಯುವುದು ಅವನ ನೌಕರಿ. ಮಲೇರಿಯಾದ ಕಾಲ, ಅದೇ ದೊಡ್ಡ ಕೆಲಸ. ಸುತ್ತಲಿನ ಗಿಡಮೂಲಿಕೆಗಳ ಮೇಲೂ ಅವನಿಗೆ ಕಣ್ಣು. 1888ರಲ್ಲಿ ಆಡುಸೋಗೆಯ ಎಲೆಯಿಂದ ಒಂದು ಕಹಿ ಕ್ಷಾರವನ್ನು ಬೇರ್ಪಡಿಸಿ, ಗಿಡದ ಸಂಸ್ಕೃತ ಹೆಸರಾದ ‘ವಾಸಾ’ ಹಿಡಿದು ಅದಕ್ಕೆ ವ್ಯಾಸಿಸೀನ್ ಎಂದು ಹೆಸರಿಟ್ಟ. ಅದು ಅಜ್ಜ. ಮುಕ್ಕಾಲು ಶತಮಾನ ಕಳೆದ ಮೇಲೆ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿಯವರು ವ್ಯಾಸಿಸೀನಿನ ಅಣುವನ್ನೇ ಮಾದರಿಯಾಗಿಟ್ಟುಕೊಂಡು ಬ್ರೋಮ್‌ಹೆಕ್ಸೀನ್ ತಯಾರಿಸಿದರು. 1963ರಲ್ಲಿ ಅದು ಅಂಗಡಿಗೆ ಬಂತು. ಅದು ಮಗ. ಬ್ರೋಮ್‌ಹೆಕ್ಸೀನ್ ನುಂಗಿದವರ ದೇಹ ಅದನ್ನು ಒಡೆದಾಗ ಹುಟ್ಟುವ ಒಂದು ವಸ್ತುವೂ ಕಫದ ಮೇಲೆ ಕೆಲಸ ಮಾಡುತ್ತದೆ ಎಂದು ಗೊತ್ತಾಗಿ, 1970ರ ದಶಕದ ಕೊನೆಯ ಹೊತ್ತಿಗೆ ಅದನ್ನೇ ಬೇರೆ ಔಷಧಿಯಾಗಿ ಮಾರತೊಡಗಿದರು. ಅದು ಆಂಬ್ರಾಕ್ಸಾಲ್. ಈ ಮೊಮ್ಮಗ ಈಗ ಇನ್ನೂ ದೂರ ಹೋಗಿದ್ದಾನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇವನನ್ನು ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಔಷಧ ಮಿದುಳು ಬಳ್ಳಿಯ ದ್ರವದವರೆಗೂ ತಲುಪುತ್ತದೆ ಎಂದು 2020ರಲ್ಲಿ ಪ್ರಕಟಿಸಿದರು. ರೋಗಕ್ಕೆ ಪ್ರಯೋಜನವಿದೆಯೇ ಎಂಬ ದೊಡ್ಡ ಪರೀಕ್ಷೆ ಆಮೇಲಿನದು. ಕೊಪ್ಪದ ಬೇಲಿಯಿಂದ ಲಂಡನ್ನಿನ ಮಿದುಳಿನವರೆಗೆ! ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಗೆಳೆಯನ ತಾಯಿ ಕೇಳಿಸಿಕೊಂಡು, “ಹಂಗಾರೆ ಅದನ್ನ ಸಿಹಿ ಮಾಡಿದ್ದೇ ಅವರ ಸಾಧನೆ” ಅಂದರು.

ನನ್ನನ್ನು ಇನ್ನೂ ಕಾಡುತ್ತಿರುವುದು ಬೇರೆಯದು, ಆಡಿನ ವಿಷಯ. ಈ ಗಿಡಕ್ಕೆ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಜಸ್ಟೀಷಿಯ ಅಢತೋಡ. ಅಢತೋಡ ಎಂದರೆ ತಮಿಳಿನ ‘ಆಡುತೊಡಾ’, ಆಡು ಮುಟ್ಟದ್ದು. ಆದರೆ ಕನ್ನಡದ ಗಾದೆ ಏನು ಹೇಳುತ್ತದೆ? ಆಡು ಮುಟ್ಟದ ಸೊಪ್ಪಿಲ್ಲ! ಪಕ್ಕದ ಎರಡು ಭಾಷೆಗಳಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು. ಮಳೆ ಹೊಳವಾದಾಗ ಒಂದು ಕೊಂಬೆ ಮುರಿದುಕೊಂಡು ತೋಟದಾಚೆಯ ಮನೆಗೆ ಹೋದೆ. ಅಲ್ಲಿ ಐದು ಆಡು, ಎರಡು ಮರಿ. ದೊಡ್ಡ ಆಡು ಮೂಸಿತು, ಮೂಗು ಸೊಟ್ಟ ಮಾಡಿತು, ಹಿಂದೆ ಸರಿಯಿತು. ಎರಡನೆಯದು ಮೂಸಲೂ ಇಲ್ಲ. ಅನುಭವವಿಲ್ಲದ ಒಂದು ಮರಿ ಎಲೆಯ ತುದಿ ಕಚ್ಚಿ, ಎರಡು ಸಲ ಅಗಿದು, ಉಗುಳಿ, ನನ್ನನ್ನು ನೋಡಿದ ರೀತಿ ಒಂದು ಗಂಟೆ ಮೊದಲು ನಾನು ಗೆಳೆಯನ ತಾಯಿಯನ್ನು ನೋಡಿದ ರೀತಿಯೇ. ಆಡಿನ ಮಾಲೀಕರಿಗೆ ನಾನು ಎಲ್ಲಿಯವನು, ಯಾಕೆ ಬಂದಿದ್ದೇನೆ ಎಂಬುದೇ ತಿಳಿಯಲಿಲ್ಲ. “ಬ್ಯಾಸಗೇಲಿ ಹಸಿರಿಲ್ದೆ ಇದ್ರೆ ಇದನ್ನೂ ತಿಂತಾವೆ ಬಿಡಿ” ಎಂದು ಹೇಳಿ ನನ್ನ ಸಂಶೋಧನೆಗೆ ನೀರು ಹೊಯ್ದರು.

ಕನ್ನಡದ ಹೆಸರಿನಲ್ಲಿ ಇರುವುದಾದರೂ ಆಡೇ ಎಂಬ ಅನುಮಾನವೂ ನನಗಿದೆ. ಸೋಗೆ ಅಂದರೆ ನಮಗೆ ಅಡಿಕೆಯ, ತೆಂಗಿನ ಗರಿ. ಈ ಗಿಡದ ಎಲೆಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ಮರಾಠಿಯಲ್ಲಿ ಅಡುಳಸಾ, ಹಿಂದಿಯಲ್ಲಿ ಅಡೂಸಾ, ಸಂಸ್ಕೃತದಲ್ಲಿ ವಾಸಾ ಜೊತೆಗೆ ಆಟರೂಷ ಎಂದೂ ಇದೆ. ಅಡೂಸಾ ಎಂಬುದೇ ಕನ್ನಡದ ಬಾಯಲ್ಲಿ ಹೊರಳಿ ಆಡುಸೋಗೆಯಾಗಿ, ಆಮೇಲೆ ನಾವು ಅದರೊಳಗೆ ಒಂದು ಆಡನ್ನು ಕಟ್ಟಿಹಾಕಿರಬಹುದು. ಇದು ನನ್ನ ಊಹೆ, ಭಾಷಾಶಾಸ್ತ್ರಜ್ಞರು ಕ್ಷಮಿಸಲಿ. ಸಾಲದ್ದಕ್ಕೆ ‘ಆಡುಮುಟ್ಟದ ಬಳ್ಳಿ’ ಎಂಬ ಇನ್ನೊಂದು ಇದೆ, ಅದನ್ನೂ ದಮ್ಮಿಗೆ ಕೊಡುತ್ತಾರೆ, ಹೆಚ್ಚಾದರೆ ವಾಂತಿಯಾಗುತ್ತದೆ. ಹೆಸರು ಹಿಡಿದು ಗಿಡ ಹುಡುಕಿದರೆ ಆಗುವ ಫಜೀತಿ ಇದು.

ಇರಲಿ, ಕಫಕ್ಕೆ ಬರೋಣ. ಶುಂಠಿ ಕಷಾಯ, ಕೊತ್ತಂಬರಿ ಜೀರಿಗೆಯ ಕಷಾಯ, ಅರಿಶಿನದ ಹಾಲು ಓದುಗರಿಗೆ ನಾನು ಹೇಳಿಕೊಡಬೇಕಾದ್ದಲ್ಲ. ದೊಡ್ಡಪತ್ರೆಯ ಮೇಲೆ ಮಾತ್ರ ನನಗೆ ಪಕ್ಷಪಾತವಿದೆ. ಬಾಣಲೆಯಲ್ಲಿ ಬಾಡಿಸಿ ಹಿಂಡಿದ ರಸದ ವಾಸನೆಗೇ ಅರ್ಧ ಎದೆ ತೆರೆದಂತೆ ಅನ್ನಿಸುತ್ತದೆ. ಓಮದ ಘಾಟನ್ನು ನೆನಪಿಸುವ ಎಣ್ಣೆ ಅದರಲ್ಲಿದೆ. ಅದರ ಸಸ್ಯಶಾಸ್ತ್ರದ ಹೆಸರಿನಲ್ಲಿ ಇಂಡೋನೇಷ್ಯದ ಅಂಬೋನ್ ದ್ವೀಪವಿದೆ, ತಂಬುಳಿಯಲ್ಲಿ ನಮ್ಮ ಮನೆಯಿದೆ.

‘ಅನ್ನಿಸುತ್ತದೆ’ ಎಂಬ ಪದವನ್ನು ಬೇಕೆಂದೇ ಬಳಸಿದೆ. ಎದೆಗೂ ಬೆನ್ನಿಗೂ ತಿಕ್ಕುವ ವಿಕ್ಸ್ ಡಬ್ಬಿಯಲ್ಲಿರುವ ಮೆಂಥಾಲ್ ಮೂಗಿನ ಹಾದಿಯನ್ನು ಒಂದಿಷ್ಟೂ ಅಗಲ ಮಾಡುವುದಿಲ್ಲ. ತಂಪನ್ನು ಅರಿಯುವ ನರಗಳನ್ನು ಕೆಣಕುತ್ತದೆ. ಗಾಳಿ ಸಲೀಸಾಗಿ ಹೋಗುತ್ತಿದೆ ಎಂದು ಮಿದುಳು ನಂಬುತ್ತದೆ. ಮೋಸವೇ, ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆ ತರಿಸುವ ಮೋಸ. ಆವಿಯ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದ್ದು ಕೂರುವುದರಿಂದ ಶೀತ ಬೇಗ ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ, ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳು ಮಾತ್ರ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಕರ್ಪೂರವನ್ನು ಎಳೆಗೂಸಿನ ಮೂಗಿಗೆ ಹಚ್ಚುವ ಅಭ್ಯಾಸವೂ ನಿಲ್ಲಬೇಕಾದ್ದೇ; ಹೊಟ್ಟೆಗೆ ಹೋದರೆ ಅದು ವಿಷ.

ಆಯುರ್ವೇದದ ಅಂಗಡಿಯ ಸಿತೋಪಲಾದಿ ಚೂರ್ಣದ ಲೆಕ್ಕ ನನಗೆ ಇಷ್ಟ. ಕಲ್ಲುಸಕ್ಕರೆ ಹದಿನಾರು ಭಾಗ, ಬಿದಿರಿನ ಗಣ್ಣಿನೊಳಗೆ ಸಿಗುವ ವಂಶಲೋಚನ ಎಂಟು, ಹಿಪ್ಪಲಿ ನಾಲ್ಕು, ಏಲಕ್ಕಿ ಎರಡು, ದಾಲ್ಚಿನ್ನಿ ಒಂದು. ಅರ್ಧರ್ಧ ಇಳಿಯುತ್ತಾ ಬರುವ ಈ ಸರಣಿಯನ್ನು ಹೊಂದಿಸಿದವನು ವೈದ್ಯನೋ ಗಣಿತದ ಮೇಷ್ಟ್ರೋ! ಒಟ್ಟು ಮೂವತ್ತೊಂದರಲ್ಲಿ ಹದಿನಾರು ಪಾಲು ಸಕ್ಕರೆಯೇ ಆದರೆ ಗಂಟಲಿಗೆ ಹಿತವಾಗದೆ ಇರುತ್ತದೆಯೇ? ಜೇನಿಗೂ ಇದೇ ಮರ್ಯಾದೆ. 2018ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ ಸಾಮಾನ್ಯ ಕೆಮ್ಮಿಗೆ ಮೊದಲು ಜೇನು ನೋಡಿ, ಆ್ಯಂಟಿಬಯಾಟಿಕ್ ಬೇಡ ಎಂದಿತು. ನಮ್ಮ ಅಜ್ಜಿಯರು ಮಾರ್ಗಸೂಚಿ ಬರೆದಿರಲಿಲ್ಲ ಅಷ್ಟೆ. ಆದರೆ ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಜೇನು ತಾಗಿಸಬಾರದು ಎಂಬುದನ್ನು ಆ ಅಜ್ಜಿಯರೂ ಒಪ್ಪುತ್ತಿರಲಿಲ್ಲ, ಈಗಿನವರೂ ಸುಲಭಕ್ಕೆ ಒಪ್ಪುವುದಿಲ್ಲ. ಬೊಟುಲಿಸಂ ಎಂಬ ಅಪರೂಪದ, ಆದರೆ ಪ್ರಾಣಕ್ಕೆ ಕುತ್ತು ತರುವ ಕಾಯಿಲೆ ಅದರಿಂದ ಬರಬಹುದು.

ಎಲ್ಲ ಮದ್ದುಗಳ ಬಗ್ಗೆ ನನ್ನ ಅನುಮಾನ ಶುರುವಾಗುವುದು ಒಂದು ಸಂಖ್ಯೆಯಿಂದ. 2013ರಲ್ಲಿ ಅಮೆರಿಕದ ಸಂಶೋಧಕರು ಜಾರ್ಜಿಯಾ ರಾಜ್ಯದ ಜನರನ್ನು, ಶೀತದ ಕೆಮ್ಮು ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಏಳರಿಂದ ಒಂಬತ್ತು ದಿನ ಎಂದರು ಜನ. ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಸಿಕ್ಕ ಸರಾಸರಿ ಸುಮಾರು 18 ದಿನ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ಗುಡಿಸುವ ಸಣ್ಣ ರೋಮಗಳಿವೆ. ವೈರಸ್ ಅವನ್ನು ಕೆಡಿಸಿ ಹೋಗುತ್ತದೆ, ಮತ್ತೆ ಬೆಳೆಯಲು ವಾರಗಳೇ ಬೇಕು. ಅಲ್ಲಿಯವರೆಗೆ ಗುಡಿಸುವ ಕೆಲಸ ಕೆಮ್ಮಿನದು. ಹತ್ತನೇ ದಿನ ಸಿರಪ್ಪು, ಹದಿನೈದನೇ ದಿನ ಡಾಕ್ಟರು, ಇಪ್ಪತ್ತನೇ ದಿನ ಆಡುಸೋಗೆ. ಇಪ್ಪತ್ತೆರಡಕ್ಕೆ ಕೆಮ್ಮು ನಿಂತರೆ ಹೂಮಾಲೆ ಯಾರ ಕೊರಳಿಗೆ? ಸಾಲಿನಲ್ಲಿ ಕೊನೆಗೆ ನಿಂತವನಿಗೆ. ನಾಟಿ ಮದ್ದಿನ ಅರ್ಧ ಕೀರ್ತಿ, ಸಿರಪ್ಪಿನ ಅರ್ಧ ಕೀರ್ತಿ ಎರಡೂ ಕ್ಯಾಲೆಂಡರಿನಿಂದ ಕದ್ದದ್ದು ಎಂದೇ ನನ್ನ ಎಣಿಕೆ.

ಹಾಗೆಂದು ದಿನ ಎಣಿಸುತ್ತಾ ಕೂರುವುದಕ್ಕೂ ಮಿತಿಯಿದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಿ ಎಂದು ಸರ್ಕಾರಿ ಆಸ್ಪತ್ರೆಗಳ ಗೋಡೆಗಳು ಹೇಳುವುದು ಕ್ಷಯವನ್ನು ನೆನೆದು. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನೇ ಆ ರೋಗ ಬಿಡಲಿಲ್ಲ. ಅವರ ಹೆಸರಿನ ಕ್ಷಯ ಆಸ್ಪತ್ರೆ ಇಂದಿಗೂ ಮೈಸೂರಿನಲ್ಲಿದೆ. ಅರಮನೆಯಲ್ಲಿ ಕಷಾಯಕ್ಕೆ ಬರವಿತ್ತೇ? ಕಫದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆಯ ಜ್ವರ, ಉಸಿರಿಗೆ ಕಷ್ಟ ಇದ್ದರೆ ಒಲೆಯ ಕಡೆ ನೋಡಲೇಬಾರದು. ಇನ್ನೊಂದು ಮಾತು: ವ್ಯಾಸಿಸೀನ್ ಗರ್ಭಕೋಶವನ್ನು ಸಂಕುಚಿಸುತ್ತದೆ, ಜಮ್ಮುವಿನ ಪ್ರಯೋಗಾಲಯದವರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಬಸುರಿಯರಿಗೆ ಆಡುಸೋಗೆ ಕೂಡದು. ಗೆಳೆಯನ ತಾಯಿಗೆ ಇದನ್ನು ಹೇಳಿದಾಗ, “ಅದು ಗೊತ್ತಿರೋದೇ, ಬಸ್ರಿ ಹೆಂಗಸಿಗೆ ನಮ್ಮತ್ತೆ ಕೊಡ್ತಿರಲಿಲ್ಲ” ಎಂದರು. ನನ್ನ ವಿಜ್ಞಾನಕ್ಕೆ ಎರಡನೇ ಸಲ ನೀರು.

ಸಿರಪ್ಪಿನ ಪರ ವಾದಿಸುವ ಉಮೇದೂ ನನಗಿಲ್ಲ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಸುದ್ದಿ ಬಂದಾಗ, ಭಾರತದಲ್ಲಿ ತಯಾರಾದ ಸಿರಪ್ಪುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿತ್ತು. ಆಮೇಲೆ ಎಷ್ಟೋ ತಾಯಂದಿರು ಬಾಟಲಿ ಬಿಟ್ಟು ದೊಡ್ಡಪತ್ರೆಯ ಕುಂಡಕ್ಕೆ ಮರಳಿದರೆ ಅವರನ್ನು ಮೂಢರೆನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಕೆಮ್ಮು? ಬೆಂಗಳೂರಿಗೆ ಬಂದು ಕಫ ಪರೀಕ್ಷೆಗೆ ಕೊಟ್ಟೆ, ಏನೂ ಇಲ್ಲ ಎಂದು ಬಂತು. ಇಪ್ಪತ್ತನಾಲ್ಕನೇ ದಿನಕ್ಕೋ ಇಪ್ಪತ್ತೈದಕ್ಕೋ ಗೊರಗೊರ ತಾನಾಗಿ ಜಾಗ ಖಾಲಿ ಮಾಡಿತು. ಗೆಳೆಯನ ತಾಯಿ ಫೋನಿನಲ್ಲಿ, “ನೋಡಿದ್ಯಾ, ನಾ ಹೇಳಿರ್ಲಿಲ್ವಾ” ಎಂದರು. ಕ್ಯಾಲೆಂಡರಿನ ಸುದ್ದಿ ಎತ್ತಲು ಧೈರ್ಯ ಬರಲಿಲ್ಲ. ಹೊರಡುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದ ಕಡ್ಡಿಯನ್ನು ಬಾಲ್ಕನಿಯ ಕುಂಡದಲ್ಲಿ ಊರಿದ್ದೇನೆ.

“ಚಿಗುರಿತಾ?” ಕೇಳಿದರು.

ಎರಡು ಎಲೆ ಬಿಟ್ಟಿದೆ ಎಂದೆ.

“ಈಗಲೇ ಕೊಯ್ಬೇಡ, ಬಲೀಲಿ. ಬರೋ ಮಳೆಗಾಲಕ್ಕೆ ಆಗ್ತದೆ.”