ಪ್ರತ್ಯೇಕ ಓಟವೋ, ಕೂಡಿದ ಓಟವೋ?

ಈಚೆಗೆ ನಮ್ಮ ಪಟ್ಟಣಗಳಲ್ಲಿ ದೂರದ ಓಟದ ಪಂದ್ಯಗಳು ಹೆಚ್ಚಾಗಿವೆ. ಭಾನುವಾರದ ಬೆಳಗಿನ ಜಾವದಲ್ಲಿ ಎದೆಯ ಮೇಲೆ ಸಂಖ್ಯೆಯ ಚೀಟಿಯನ್ನು ಧರಿಸಿ ಗುಂಪುಗುಂಪಾಗಿ ಓಡತಕ್ಕ ಜನರನ್ನು ಬೆಂಗಳೂರಿನ ಬೀದಿಗಳಲ್ಲಿ ಅನೇಕ ವಾಚಕರು ಕಂಡಿರಬಹುದು. ಅವರಲ್ಲಿ ಸ್ತ್ರೀಯರ ಸಂಖ್ಯೆಯೂ ಅಲ್ಪವಲ್ಲ. ಈ ಪಂದ್ಯಗಳಲ್ಲಿ ಎರಡು ಬಗೆಯುಂಟು. ಸ್ತ್ರೀಯರಿಗಾಗಿಯೇ ಏರ್ಪಟ್ಟವು ಕೆಲವು; ಸ್ತ್ರೀಪುರುಷರಿಬ್ಬರೂ ಒಂದೇ ದಾರಿಯಲ್ಲಿ ಓಡತಕ್ಕವು ಹಲವು. ಮನೆಯ ಸೊಸೆಯೋ ಮಗಳೋ ಓಡಬೇಕೆಂದು ಆಸೆಪಟ್ಟಾಗ, "ಹೆಂಗಸರದೇ ಓಟವಾದರೆ ಹೋಗಲಿ, ಗಂಡಸರ ಗುಂಪಿನಲ್ಲಿ ಬೇಡ" ಎಂದು ಹಿರಿಯರು ತೀರ್ಪುಕೊಡುವುದನ್ನು ನಾವು ಕೇಳಿದ್ದೇವೆ. "ಬೇರೆಯಾಗಿ ಓಡುವುದು ಒಂದು ಓಟವೆ? ಗಂಡಸರ ಸಮಕ್ಕೆ ಓಡಿದರಲ್ಲವೆ ಓಟ!" ಎಂಬ ತರುಣರ ಮಾತನ್ನೂ ಕೇಳಿದ್ದೇವೆ. ಈ ಎರಡು ಮಾತುಗಳನ್ನೂ ಆಡುವವರು ಬಹುಮಟ್ಟಿಗೆ ಓಡದವರೇ ಆಗಿರುವುದರಿಂದ, ಓಡಿದ ಸ್ತ್ರೀಯರಿಗೆ ಈ ಎರಡು ಬಗೆಗಳಲ್ಲಿ ಏನೇನು ಒದಗಿತೆಂಬುದನ್ನು ವಿಚಾರಿಸುವುದು ಯುಕ್ತವೆಂದು ತೋರಿತು.

ಅಮರಸಿಂಹನು ತನ್ನ ಕೋಶದಲ್ಲಿ ಸ್ತ್ರೀಗೆ ಹೇಳಿರುವ ಹೆಸರುಗಳಲ್ಲಿ 'ಅಬಲಾ' ಎಂಬುದೂ ಒಂದು. ನಾವು ಎಷ್ಟೋ ವರ್ಷ ಮಕ್ಕಳಿಂದ ಇದನ್ನು ಬಾಯಿಪಾಠ ಮಾಡಿಸಿದವರು. ಕೋಶಕಾರನು ಲೋಕದಲ್ಲಿ ಬಳಕೆಯಲ್ಲಿದ್ದ ಶಬ್ದವನ್ನು ಸಂಗ್ರಹಿಸಿದನೇ ಹೊರತು ಯಾರನ್ನೂ ಓಡಿಸಿ ಪರೀಕ್ಷಿಸಲಿಲ್ಲ. ಆದರೆ ಈ ಶಬ್ದವನ್ನೇ ಪ್ರಮಾಣವಾಗಿ ಹಿಡಿದ ಬುದ್ಧಿವಂತರು ಯೂರೋಪು ಅಮೆರಿಕಗಳಲ್ಲಿಯೂ ಇದ್ದರು. 1928ನೆಯ ಇಸವಿಯಲ್ಲಿ ಆಮ್‌ಸ್ಟರ್‌ಡಾಮ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲ ಬಾರಿಗೆ ಸ್ತ್ರೀಯರಿಗೆ 800 ಮೀಟರಿನ ಓಟವನ್ನಿಟ್ಟರು. ಜರ್ಮನಿಯ ಲೀನಾ ರಾಡ್ಕೆ ಎಂಬಾಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದಳು. ಜಪಾನಿನ ಕಿನೂಯೆ ಹಿತೊಮಿ ಎರಡನೆಯವಳಾದಳು. ಓಡಿದವರು ಒಂಬತ್ತು ಮಂದಿ, ಮುಗಿಸಿದವರೂ ಒಂಬತ್ತು ಮಂದಿ. ಹೀಗಿದ್ದರೂ ಕೆಲವು ವರ್ತಮಾನ ಪತ್ರಿಕೆಗಳು ಹನ್ನೊಂದು ಮಂದಿ ಓಡಿ ಐವರು ದಾರಿಯಲ್ಲಿಯೇ ಕುಸಿದರೆಂದು ಬರೆದುಬಿಟ್ಟವು. ಓಟ ಮುಗಿದ ಮೇಲೆ ಆಯಾಸದಿಂದ ನೆಲದ ಮೇಲೆ ಒರಗಿದ್ದೇ ಈ ಕಥೆಗೆ ಬೀಜ. ಪುರುಷರು ಹಾಗೆ ಒರಗಿದರೆ ಅದಕ್ಕೆ ಪರಾಕ್ರಮವೆಂದು ಹೆಸರು. ಇದರ ಫಲವಾಗಿ ಆ ಓಟವನ್ನು ಕ್ರೀಡೆಗಳಿಂದ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. 800 ಮೀಟರಿಗೇ ಈ ಪಾಡಾದಮೇಲೆ, 26 ಮೈಲು 385 ಗಜದ ಮ್ಯಾರಥಾನ್ ಓಟದ ಮಾತನ್ನು ಎತ್ತುವವರಾರು?

ಎತ್ತಿದವಳೊಬ್ಬಳಿದ್ದಳು. ಅಮೆರಿಕದ ಬಾಬಿ ಗಿಬ್ ಎಂಬ ಯುವತಿಯು ಬಾಸ್ಟನ್ ನಗರದ ಮ್ಯಾರಥಾನಿಗೆ 1966ರಲ್ಲಿ ಅರ್ಜಿ ಬರೆದಳು. ಸ್ತ್ರೀಯರ ದೇಹಪ್ರಕೃತಿಗೆ ಅಷ್ಟು ದೂರ ಓಡುವ ಶಕ್ತಿಯಿಲ್ಲವೆಂದು ಉತ್ತರ ಬಂದಿತು. ಆಕೆ ಕ್ಯಾಲಿಫೋರ್ನಿಯದಿಂದ ಹಲವು ದಿನ ಬಸ್ಸಿನಲ್ಲಿ ಪ್ರಯಾಣಮಾಡಿ ತೌರುಮನೆಗೆ ಬಂದಳು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಮಾತ್ರ ಮಗಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಓಟ ಹೊರಡುವ ಊರಿನಲ್ಲಿ ಬಿಟ್ಟಳು. ತಮ್ಮನ ಚಡ್ಡಿಯನ್ನು ತೊಟ್ಟು, ತಲೆಮುಸುಕುಳ್ಳ ಅಂಗಿಯಿಂದ ಕೂದಲನ್ನು ಮರೆಮಾಡಿಕೊಂಡು, ಪೊದೆಯೊಂದರ ಹಿಂದೆ ಅಡಗಿದ್ದು, ಗುಂಪು ಹೊರಟಮೇಲೆ ಅದರಲ್ಲಿ ಸೇರಿಕೊಂಡಳು. ಸ್ವಲ್ಪ ಹೊತ್ತಿಗೆ ಹಿಂದಿದ್ದ ಗಂಡಸರಿಗೆ ಇವಳು ಹೆಂಗಸೆಂಬುದು ತಿಳಿದುಹೋಯಿತು. ಮುಂದೆ ನಡೆದುದನ್ನು ವಾಚಕರು ಗಮನಿಸಬೇಕು. ಅವರು ಆಕೆಯನ್ನು ಹಳಿಯಲಿಲ್ಲ. ಸೆಖೆಯಾಗುತ್ತಿದೆ, ಅಂಗಿ ತೆಗೆದರೆ ಹೊರದೂಡುವರೆಂಬ ಭಯ ಎಂದು ಆಕೆ ಹೇಳಲು, ಹಾಗೆ ಮಾಡಲು ನಾವು ಬಿಡುವುದಿಲ್ಲವೆಂದು ಆ ಅಪರಿಚಿತರೇ ಅಭಯವಿತ್ತರು. 3 ಗಂಟೆ 21 ನಿಮಿಷ 40 ಸೆಕೆಂಡಿನಲ್ಲಿ ಆಕೆ ಮುಗಿಸಿದಾಗ, ಓಡಿದ ಪುರುಷರಲ್ಲಿ ಮೂರರಲ್ಲಿ ಎರಡು ಪಾಲು ಆಕೆಯ ಹಿಂದೆ ಇದ್ದರು.

ಮಾರನೆಯ ವರ್ಷದ ಕಥೆ ಇನ್ನೂ ಪ್ರಸಿದ್ಧವಾದುದು. ಕ್ಯಾಥರಿನ್ ಸ್ವಿಟ್ಜರ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿನಿಯು ಹೆಸರಿನ ಮೊದಲಕ್ಷರಗಳನ್ನು ಮಾತ್ರ ಬರೆದು ಅರ್ಜಿ ಹಾಕಿ 261ನೆಯ ಸಂಖ್ಯೆಯನ್ನು ಪಡೆದಿದ್ದಳು. ದಾರಿಯಲ್ಲಿ ಪಂದ್ಯದ ಅಧಿಕಾರಿಯಾದ ಜಾಕ್ ಸೆಂಪಲ್ ಎಂಬಾತನು ಹಿಂದಿನಿಂದ ಓಡಿಬಂದು ಆಕೆಯನ್ನು ಹಿಡಿದು ಚೀಟಿಯನ್ನು ಕಿತ್ತುಕೊಳ್ಳಲು ನೋಡಿದನು. ಜೊತೆಯಲ್ಲಿ ಓಡುತ್ತಿದ್ದ ಆಕೆಯ ಸ್ನೇಹಿತನು ಆತನನ್ನು ಪಕ್ಕಕ್ಕೆ ನೂಕಿದನು. ಕೂಡಿದ ಓಟದಲ್ಲಿ ಸ್ತ್ರೀಗೆ ತಡೆಯಾದವನೂ ಪುರುಷನೇ, ತಡೆಯನ್ನು ತಪ್ಪಿಸಿದವನೂ ಪುರುಷನೇ. ಬಾಸ್ಟನ್ನಿನವರು ಸ್ತ್ರೀಯರನ್ನು ನಿಯಮಪೂರ್ವಕವಾಗಿ ಸೇರಿಸಿಕೊಂಡದ್ದು 1972ರಲ್ಲಿ. ಆ ವರ್ಷ ನೀನಾ ಕುಸಿಕ್ ಎಂಬ ಗೃಹಿಣಿ ಮೊದಲಿಗಳಾದಳು.

ಈ 1972ನೆಯ ಇಸವಿಯೇ ನಮ್ಮ ವಿಷಯದ ನಡುಗಂಬ. ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದಲ್ಲಿ ಸ್ತ್ರೀಯರಿಗಾಗಿಯೇ ಆರು ಮೈಲಿನ ಓಟವೊಂದು ನಡೆಯಿತು. ಏರ್ಪಡಿಸಿದವರಲ್ಲಿ ಸ್ವಿಟ್ಜರಳೂ ಕುಸಿಕಳೂ ಸೇರಿದ್ದರು. ಓಡಿದವರು ಎಪ್ಪತ್ತು ಎಂಬತ್ತರ ನಡುವೆ. ಈಗ ಅದೇ ಪಂದ್ಯದಲ್ಲಿ ಸಾವಿರಾರು ಮಂದಿ ಓಡುತ್ತಾರೆ. ನಾಲ್ಕು ತಿಂಗಳು ಕಳೆದು ಅಕ್ಟೋಬರ್ 1ರಂದು ಅದೇ ನಗರದ ಮ್ಯಾರಥಾನ್ ಬಂದಿತು. ಸ್ತ್ರೀಯರು ಓಡಬಹುದು, ಆದರೆ ಪುರುಷರಿಗಿಂತ ಹತ್ತು ನಿಮಿಷ ಮೊದಲು ಪ್ರತ್ಯೇಕವಾಗಿ ಹೊರಡತಕ್ಕದ್ದು ಎಂದು ಕ್ರೀಡಾಸಂಘದ ನಿಯಮ. ಸ್ತ್ರೀಯರಿಗಾಗಿ ಪಿಸ್ತೂಲು ಹಾರಿತು. ಆರು ಮಂದಿ ಸ್ತ್ರೀಯರು, ಅವರಲ್ಲಿ ನೀನಾ ಕುಸಿಕಳೂ ಒಬ್ಬಳು, ಹೊರಡುವ ಗೆರೆಯ ಮೇಲೆಯೇ ಕುಳಿತುಬಿಟ್ಟರು! ನಿಯಮವನ್ನು ಹಳಿಯುವ ಫಲಕಗಳನ್ನು ಹಿಡಿದು ಹತ್ತು ನಿಮಿಷ ಕುಳಿತಿದ್ದು, ಪುರುಷರಿಗೆ ಪಿಸ್ತೂಲು ಹಾರಿದಾಗ ಎದ್ದು ಓಡಿದರು. ಅವರ ಲೆಕ್ಕಕ್ಕೆ ಹತ್ತು ನಿಮಿಷ ದಂಡವಾಗಿ ಸೇರಿತು. ಮುಂದೆ ಆ ನಿಯಮ ನಿಲ್ಲಲಿಲ್ಲ.

ಜೂನಿನಲ್ಲಿ ಪ್ರತ್ಯೇಕ ಓಟವನ್ನು ತಾನಾಗಿ ಏರ್ಪಡಿಸಿದ ಸ್ತ್ರೀಯೇ ಅಕ್ಟೋಬರಿನಲ್ಲಿ ಪ್ರತ್ಯೇಕವಾಗಿ ಹೊರಡಲಾರೆನೆಂದು ಕುಳಿತಳಷ್ಟೆ. ಇದರಲ್ಲಿ ಪೂರ್ವೋತ್ತರ ವಿರೋಧವಿದೆಯೆಂದು ತಾರ್ಕಿಕರು ಹೇಳಿಯಾರು. ನಮಗೆ ಹಾಗೆ ತೋರುವುದಿಲ್ಲ. ತೋಟದೊಡೆಯನು ತಾನೇ ಹಾಕಿಕೊಂಡ ಬೇಲಿಗೂ, ನೆರೆಯವನು ಬಂದು ಆತನ ಸುತ್ತ ಹಾಕಿದ ಬೇಲಿಗೂ ಮುಳ್ಳು ಒಂದೇ. ಆದರೆ ಬಾಗಿಲಿನ ಬೀಗದ ಕೈ ಇರುವುದು ಬೇರೆ ಬೇರೆಯವರಲ್ಲಿ. ಮೇಲೆ ಹೇಳಿದ ಹಿರಿಯರ ತೀರ್ಪಿಗೂ ತರುಣರ ತೀರ್ಪಿಗೂ ನಮ್ಮ ಆಕ್ಷೇಪಣೆ ಇಷ್ಟೆ.

ಪ್ರತ್ಯೇಕ ಓಟಗಳಿಂದ ಆದ ದೊಡ್ಡ ಉಪಕಾರವೊಂದನ್ನು ಹೇಳಲೇಬೇಕು. ಜರ್ಮನಿಯ ವಾಲ್ಡ್‌ನೀಲ್ ಎಂಬ ಸಣ್ಣ ಊರಿನಲ್ಲಿ ಎರ್ನ್ಸ್ಟ್ ಫಾನ್ ಆಕನ್ ಎಂಬ ವೈದ್ಯನಿದ್ದನು. ದೂರದ ಓಟಕ್ಕೆ ಸ್ತ್ರೀಯರ ದೇಹ ಚೆನ್ನಾಗಿ ಒಗ್ಗತಕ್ಕದ್ದೆಂದು ಆತನ ಸಿದ್ಧಾಂತ. 1972ರಲ್ಲಿ ಮೋಟಾರು ಗಾಡಿಯ ಅಪಘಾತದಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡಮೇಲೂ ಧೈರ್ಯಗೆಡದೆ, 1974ರಲ್ಲಿ ಹಲವು ದೇಶಗಳ ಸ್ತ್ರೀಯರನ್ನು ಕರೆಸಿ ಅವರಿಗಾಗಿಯೇ ಮ್ಯಾರಥಾನ್ ನಡೆಯಿಸಿದನು. ಬಳಿಕ ಸ್ವಿಟ್ಜರಳು ಸೌಂದರ್ಯಸಾಧನಗಳ ವ್ಯಾಪಾರದ ಏವನ್ ಕಂಪೆನಿಯ ಹಣದಿಂದ ಅನೇಕ ದೇಶಗಳಲ್ಲಿ ಸ್ತ್ರೀಯರ ಓಟಗಳನ್ನು ಏರ್ಪಡಿಸಿದಳು. 1980ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ನಡೆದ ಮ್ಯಾರಥಾನಿನಲ್ಲಿ 27 ದೇಶಗಳ ಸ್ತ್ರೀಯರು ಓಡಿದರು. ಪುರುಷರ ನಡುವೆ ಅಲ್ಲೊಬ್ಬಳು ಇಲ್ಲೊಬ್ಬಳು ಓಡುತ್ತಿದ್ದಾಗ ಕಾಣದಿದ್ದ ಸಂಖ್ಯಾಬಲವು, ಅವರೇ ಬೇರೆಯಾಗಿ ನಿಂತಾಗ ಲೋಕಕ್ಕೆ ಕಾಣಿಸಿತು. ಮರುವರ್ಷವೇ ಒಲಿಂಪಿಕ್ ಸಮಿತಿಯವರು ಸ್ತ್ರೀಯರ ಮ್ಯಾರಥಾನಿಗೆ ಒಪ್ಪಿದರು. 1984ರ ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದಳು. ಅದೇ ದಿನ ಸ್ವಿಟ್ಜರ್ಲೆಂಡಿನ ಗೇಬ್ರಿಯೇಲಾ ಆಂಡರ್ಸನ್ ಎಂಬಾಕೆ ಬಿಸಿಲಿನ ತಾಪದಿಂದ ಬಳಲಿ ವಾಲಾಡುತ್ತ ಕೊನೆಯ ಸುತ್ತನ್ನು ಐದು ನಿಮಿಷಕ್ಕೂ ಮೇಲ್ಪಟ್ಟು ನಡೆದು 37ನೆಯವಳಾಗಿ ಮುಗಿಸಿದುದನ್ನು ಲೋಕವೆಲ್ಲ ನೋಡಿತು. 1928ರಲ್ಲಿ ಸುಳ್ಳು ಕುಸಿತಕ್ಕೆ ಓಟವನ್ನೇ ತೆಗೆದುಹಾಕಿದವರು, ಈಗ ನಿಜವಾದ ಬಳಲಿಕೆಯನ್ನು ಕಂಡು ಎದ್ದುನಿಂತು ಕೈತಟ್ಟಿದರು. ಓಟ ಉಳಿಯಿತು.

ಇನ್ನು ಅತಿವೇಗದ ಓಟಗಾರ್ತಿಯರ ಮಾತು. ಇವರಿಗೆ ಕೂಡಿದ ಓಟದಲ್ಲಿ ಒಂದು ಲಾಭವೂ ಒಂದು ನಷ್ಟವೂ ಉಂಟು. ಮುಂದೆ ಓಡುವವನು ಎದುರುಗಾಳಿಯನ್ನು ತಡೆಯುತ್ತಾನೆ. ಸಮವೇಗವನ್ನು ಹಿಡಿದುಕೊಟ್ಟು ಮನಸ್ಸಿನ ಭಾರವನ್ನೂ ಇಳಿಸುತ್ತಾನೆ. ಸ್ತ್ರೀಯರಲ್ಲಿ ಅತಿ ವೇಗಿಯಾದವಳಿಗೆ ಕೊನೆಯವರೆಗೂ ಹೀಗೆ ಮುಂದಿದ್ದು ನಡೆಸಬಲ್ಲ ಸ್ತ್ರೀಯು ಎಲ್ಲಿ ಸಿಕ್ಕಾಳು? ಸಿಕ್ಕರೆ ಅವಳೇ ಗೆದ್ದುಬಿಡುವಳು. ಪುರುಷರಾದರೆ ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ನಿನಲ್ಲಿ ಪುರುಷರು ವೇಗ ಹಿಡಿದುಕೊಡುತ್ತಿರಲು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದಳು. 2005ರಲ್ಲಿ ಅದೇ ಊರಿನಲ್ಲಿ ಸ್ತ್ರೀಯರೊಡನೆಯೇ ಓಡಿದಾಗ 2 ಗಂಟೆ 17 ನಿಮಿಷ 42 ಸೆಕೆಂಡು ಹಿಡಿಯಿತು. ಇದನ್ನು ಕಂಡು 2011ರಲ್ಲಿ ಅಂತರರಾಷ್ಟ್ರೀಯ ಸಂಘದವರು, ಪುರುಷರೊಡನೆ ಓಡಿದ ಕಾಲವು ದಾಖಲೆಯಲ್ಲವೆಂದು ಆಕೆಯ ಹಳೆಯ ದಾಖಲೆಯನ್ನೇ ಅಳಿಸಹೊರಟರು. ಓಡುವಾಗ ಇಲ್ಲದ ನಿಯಮವನ್ನು ಎಂಟು ವರ್ಷ ಕಳೆದಮೇಲೆ ಅನ್ವಯಿಸುವುದು ಯಾವ ಧರ್ಮಶಾಸ್ತ್ರವೋ ತಿಳಿಯದು. ಗದ್ದಲವೆದ್ದಮೇಲೆ ಕೂಡಿದ ಓಟಕ್ಕೊಂದು, ಪ್ರತ್ಯೇಕ ಓಟಕ್ಕೊಂದು ಎಂದು ಎರಡು ದಾಖಲೆಗಳನ್ನಿಟ್ಟು ಸಮಾಧಾನಮಾಡಿದರು. ಇಥಿಯೋಪಿಯದ ಟಿಗ್‌ಸ್ಟ್ ಅಸೆಫಾ ಎರಡು ಬಗೆಯಲ್ಲಿಯೂ ಹೆಸರು ಮಾಡಿದವಳು. ಬರ್ಲಿನ್ನಿನ ಕೂಡಿದ ಓಟದಲ್ಲಿ 2023ರಲ್ಲಿ 2 ಗಂಟೆ 11 ನಿಮಿಷ 53 ಸೆಕೆಂಡು. ಲಂಡನ್ನಿನ ಪ್ರತ್ಯೇಕ ಓಟದಲ್ಲಿ 2025ರಲ್ಲಿ 2 ಗಂಟೆ 15 ನಿಮಿಷ 50 ಸೆಕೆಂಡು. ದಾರಿಯೂ ಹವೆಯೂ ಬೇರೆಯೆಂಬುದನ್ನು ಬಿಟ್ಟು ಎಣಿಸಲಾಗದಾದರೂ, ಹೆಚ್ಚು ಕಡಿಮೆ ನಾಲ್ಕು ನಿಮಿಷದ ಅಂತರವು ಸಾಮಾನ್ಯವಲ್ಲ.

ನಷ್ಟವೆಂದರೆ, ಕೂಡಿದ ಓಟದಲ್ಲಿ ಗೆದ್ದವಳೇ ಕಾಣುವುದಿಲ್ಲ. ನಾರ್ವೆ ದೇಶದ ಗ್ರೇಟೆ ವೈಟ್ಸ್ ಎಂಬ ಉಪಾಧ್ಯಾಯಿನಿಯು (ನಮ್ಮ ವೃತ್ತಿಯವಳೆಂದು ಸಂತೋಷದಿಂದ ಹೇಳುತ್ತೇವೆ) 1978ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಮ್ಯಾರಥಾನ್ ಓಡಿ, 2 ಗಂಟೆ 32 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿ, ಅದುವರೆಗೆ ಯಾವ ಸ್ತ್ರೀಯೂ ಓಡದ ವೇಗದಲ್ಲಿ ಗೆದ್ದಳು. ಗಂಡಸರ ಸಾಲಿನ ಮಧ್ಯದಲ್ಲಿ ಬಂದ ಈಕೆ ಯಾರೆಂಬುದೇ ನೋಡುವವರಿಗೆ ತಿಳಿಯದೆ ಹೋಯಿತು. ಆಕೆಗಾದರೋ ಕಾಲುನೋವಿನಲ್ಲಿ ಗೆಲವಿನ ಪರಿವೆಯಿರಲಿಲ್ಲ. ಇಂಥ ಓಟಕ್ಕೆ ತನ್ನನ್ನು ಒಪ್ಪಿಸಿದ ಗಂಡನ ಮೇಲೆ ಪಾದರಕ್ಷೆಗಳನ್ನು ಎಸೆದಳಂತೆ. ಮುಂದೆ ಅದೇ ಓಟವನ್ನು ಒಟ್ಟು ಒಂಬತ್ತು ಸಲ ಗೆದ್ದಳು.

ಅಗ್ರಶ್ರೇಣಿಯ ಸ್ತ್ರೀಯರನ್ನು ಮೊದಲೇ ಪ್ರತ್ಯೇಕವಾಗಿ ಹೊರಡಿಸುವ ಪದ್ಧತಿ ಬಾಸ್ಟನ್ನಿನಲ್ಲಿ 2004ರಿಂದ ನಡೆದುಬಂದಿದೆ. 1972ರಲ್ಲಿ ಪ್ರತಿಭಟನೆಗೆ ಕಾರಣವಾದುದೇ ಈಗ ಗೌರವವಾಯಿತು. 2018ರ ಮಳೆಗಾಳಿಯ ದಿನ, ಅಲ್ಲಿ ಓಡುತ್ತಿದ್ದ ಡೆಸಿರೀ ಲಿಂಡನ್ ಎಂಬಾಕೆ ತನಗೆ ಸಾಗದೆಂದು ಭಾವಿಸಿ, ಶೌಚಕ್ಕೆ ನಿಂತ ಜೊತೆಗಾತಿಗಾಗಿ ಕಾದು, ಆಕೆಯನ್ನು ಮುಂದಿನ ಗುಂಪಿಗೆ ಸೇರಿಸಿ, ಕಡೆಗೆ ತಾನೇ ಗೆದ್ದಳು. ನೋಡುವವರಿಗೆ ಇದೆಲ್ಲ ಸ್ಪಷ್ಟವಾಗಿ ಕಂಡದ್ದು ಅವರು ಬೇರೆಯಾಗಿ ಓಡುತ್ತಿದ್ದುದರಿಂದ. ಆದರೆ ಅದೇ ದಿನ, ಹಿಂದಿನ ಸಾಲುಗಳಿಂದ ಪುರುಷರೊಡನೆ ಹೊರಟ ಕೆಲವು ಸ್ತ್ರೀಯರು ಬಹುಮಾನಕ್ಕೆ ತಕ್ಕ ವೇಗದಲ್ಲಿ ಓಡಿದ್ದರೂ, ಮೊದಲ ಸಾಲಿನಲ್ಲಿ ಹೊರಡಲಿಲ್ಲವೆಂದು ಅವರಿಗೆ ಬಹುಮಾನ ತಪ್ಪಿತು. ಜನರು ಆಕ್ಷೇಪಿಸಿದಮೇಲೆ ವ್ಯವಸ್ಥಾಪಕರು ಅಷ್ಟೇ ಹಣವನ್ನು ಅವರಿಗೂ ಕೊಟ್ಟರು.

ನೂರಾರು ಮೈಲಿನ ಓಟಗಳಲ್ಲಿ ಈ ಪ್ರಶ್ನೆಯೇ ತೆಳುವಾಗುತ್ತದೆ. ಅಲ್ಲಿ ಓಡುವವರು ಕೆಲವರು, ದಾರಿ ನಿರ್ಜನ, ಎಲ್ಲರೂ ಕೂಡಿಯೇ ಹೊರಡುತ್ತಾರೆ. 2019ರ ಜನವರಿಯಲ್ಲಿ ಬ್ರಿಟನ್ನಿನ ಪೆನೈನ್ ಬೆಟ್ಟಸಾಲಿನ ಮೇಲೆ 268 ಮೈಲಿನ ಓಟವನ್ನು ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆಯು ಸ್ತ್ರೀಪುರುಷರೆಲ್ಲರಿಗಿಂತ ಮುಂದಾಗಿ 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಹಿಂದಿನ ದಾಖಲೆಯನ್ನು ಹನ್ನೆರಡು ಗಂಟೆಯಷ್ಟು ತಗ್ಗಿಸಿದಳು. ಹದಿನಾಲ್ಕು ತಿಂಗಳ ಹಸುಗೂಸು ಮನೆಯಲ್ಲಿತ್ತು. ದಾರಿಯ ತಂಗುದಾಣಗಳಲ್ಲಿ ಆಕೆ ಎದೆಹಾಲನ್ನು ಹಿಂಡಿಡುತ್ತಿದ್ದಳು. ಅಬಲಾ ಶಬ್ದದ ವ್ಯುತ್ಪತ್ತಿಯನ್ನು ಪಂಡಿತರು ಇನ್ನೊಮ್ಮೆ ನೋಡಬಹುದು.

ಇದೆಲ್ಲ ಅಸಾಮಾನ್ಯರ ಮಾತಾಯಿತು. ನಮ್ಮ ಮನೆಗಳ ಸ್ತ್ರೀಯರು ಓಡುವುದು ದಾಖಲೆಗಲ್ಲ. ಅವರು ಹೇಳುವುದನ್ನು ಕೇಳಿದರೆ, ಕೂಡಿದ ಓಟದಲ್ಲಿ ಹೊರಡುವಾಗಿನ ನೂಕುನುಗ್ಗಲು ಒಂದು ತೊಂದರೆ. ಹೆಂಗಸೊಬ್ಬಳು ಹಿಂದೆ ಹಾಕಿದಳೆಂದು ತಿಳಿದೊಡನೆ ಶಕ್ತಿಮೀರಿ ಮುನ್ನುಗ್ಗಿ, ಅರ್ಧ ಮೈಲಿಗೆ ಏದುಸಿರು ಬಿಡುವ ಮಹನೀಯರು ಇನ್ನೊಂದು ವಿನೋದ. ಹಾಗೆಯೇ ದಾರಿಯಲ್ಲಿ ನೀರು ಕೊಟ್ಟು ಧೈರ್ಯ ಹೇಳಿದ ಅಪರಿಚಿತರನ್ನೂ ಅವರು ಮರೆತಿಲ್ಲ. ಸ್ತ್ರೀಯರಿಗಾಗಿಯೇ 2012ರಲ್ಲಿ ಮುಂಬಯಿಯಲ್ಲಿ ಮೊದಲಾಗಿ ಬೆಂಗಳೂರಿಗೂ ಬಂದ ಪಿಂಕಥಾನ್ ಓಟದಲ್ಲಿ ಸೀರೆಯುಟ್ಟ ಅಜ್ಜಿಯರೂ, ಕೂಸನ್ನು ಎದೆಗೆ ಕಟ್ಟಿಕೊಂಡ ತಾಯಂದಿರೂ, ಕಣ್ಣು ಕಾಣದವರೂ ಹೆಜ್ಜೆಹಾಕಿದರು. ಬಾಲ್ಯದ ತರುವಾಯ ಬೀದಿಯಲ್ಲಿ ಒಮ್ಮೆಯೂ ಓಡಿರದವರಿಗೆ, ನೋಡುವವರ ಕಣ್ಣಿನ ಭಯವಿಲ್ಲದ ಮೊದಲ ಬೆಳಗು ಎಷ್ಟು ದೊಡ್ಡದೆಂಬುದನ್ನು ಪುರುಷರಾದ ನಾವು ಅಳೆಯಲಾರೆವು. ಅಲ್ಲಿ ಮೂರು ಕಿಲೋಮೀಟರು ನಡೆದವಳು ಮರುವರ್ಷ ಕೂಡಿದ ಓಟದಲ್ಲಿ ಹತ್ತು ಕಿಲೋಮೀಟರಿಗೆ ಹೆಸರು ಕೊಟ್ಟರೆ ಮನೆಯವರು ಬೆಚ್ಚಬೇಕಾಗಿಲ್ಲ. ಪ್ರತ್ಯೇಕ ಓಟವೇ ಸಾಕೆಂದರೆ ಅದನ್ನು ಹೀಗಳೆಯಲೂ ಬೇಕಾಗಿಲ್ಲ.

ವಿಚಾರಿಸತಕ್ಕ ಸಂಗತಿಗಳು ಬೇರೆ ಇವೆ. ಹೊರಡುವ ಸ್ಥಳದಲ್ಲಿ ಸ್ತ್ರೀಯರಿಗೆ ಶೌಚಾಲಯಗಳು ಸಾಕಷ್ಟಿವೆಯೆ? ಬಟ್ಟೆ ಬದಲಾಯಿಸಲು ಮರೆಯುಂಟೆ? ಕತ್ತಲಿರುವಾಗಲೇ ಅಲ್ಲಿಗೆ ತಲುಪುವ ಬಗೆ ಹೇಗೆ? ಅಭ್ಯಾಸದ ತಿಂಗಳುಗಳಲ್ಲಿ ಜೊತೆಗೆ ಬರುವವರು ಯಾರು? ಓಟದ ದಿನ ಮನೆಯಲ್ಲಿ ಒಲೆ ಹೊತ್ತಿಸಿ ಕಾಫಿ ಕಾಯಿಸುವವರು ಯಾರೆಂಬುದನ್ನೂ ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.