ಹಳೆಯ ಕಾರಿನ ಹಲ್ಲು ಎಣಿಸುವ ಬಗೆ

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡವರಿಗೆ ಒಂದು ವಿಷಯ ಗೊತ್ತಿರುತ್ತದೆ. ಎತ್ತು ಕೊಳ್ಳಬಂದ ರೈತನು ಮೊದಲು ನೋಡುವುದು ಅದರ ಮೈಬಣ್ಣವನ್ನಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೇ, ಎರಡು ಹಲ್ಲೇ, ಬಾಯಿಗೂಡಿದೆಯೇ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಮಾರುವವನು ಕೊಂಬಿಗೆ ಎಣ್ಣೆ ಸವರಬಹುದು, ಕೊರಳಿಗೆ ಹೊಸ ಗೆಜ್ಜೆ ಕಟ್ಟಬಹುದು, ಹಲ್ಲನ್ನು ಬದಲಾಯಿಸಲಾರ. ಕಾರಿನ ಮಾತು ಹಾಗಲ್ಲ. ಬಣ್ಣ ಹೊಡೆಸಿದರೆ ಮುದಿ ಕಾರೂ ಮದುವಣಿಗನಂತೆ ಹೊಳೆಯುತ್ತದೆ. ಓಡಿದ ದೂರವನ್ನು ತೋರಿಸುವ ಮೀಟರನ್ನೂ ಹಿಂದಕ್ಕೆ ತಿರುಗಿಸುವ ಕೈಗಳುಂಟು. ಮುಳ್ಳಿನ ಮೀಟರು ಹೋಗಿ ಅಂಕಿಯ ಮೀಟರು ಬಂದ ಮೇಲೆ ಈ ಕೆಲಸ ಕಷ್ಟವಾಯಿತೆಂದು ತಿಳಿಯಬೇಡಿ.

ಹಾಗಾದರೆ ಹಳೆಯ ಕಾರಿಗೆ ಹಲ್ಲು ಯಾವುದು? ಕಾಲಕಾಲಕ್ಕೆ ಬೇರೆ ಬೇರೆ ಕೈಗಳು ಅದನ್ನು ಪರೀಕ್ಷಿಸಿ ಬರೆದಿಟ್ಟ ಕಾಗದಗಳೇ ಅದರ ಹಲ್ಲು. ಒಂದು ಕಾಗದ ಸುಳ್ಳು ಹೇಳಬಹುದು. ಹತ್ತು ವರ್ಷಗಳಲ್ಲಿ, ಹತ್ತು ಕಡೆ, ಒಬ್ಬರನ್ನೊಬ್ಬರು ಕಾಣದವರು ಬರೆದ ಕಾಗದಗಳು ಒಟ್ಟಾಗಿ ಒಂದೇ ಸುಳ್ಳನ್ನು ಹೇಳುವುದು ಕಷ್ಟ. ದೊಡ್ಡಬೆಳವಂಗಲದಂಥ ಊರುಗಳಲ್ಲಿ ರಾತ್ರಿಹೊತ್ತು ಕಾಯಿಲೆಯವರನ್ನು ದೊಡ್ಡಬಳ್ಳಾಪುರಕ್ಕೋ ಬೆಂಗಳೂರಿಗೋ ಒಯ್ಯಲು ಮನೆಯಲ್ಲೊಂದು ವಾಹನವಿರಲೆಂದು, ಹೊಸದರ ಕಂತು ಕಟ್ಟಲಾರದ ಸಂಸಾರಗಳು ವರ್ಷಾನುಗಟ್ಟಲೆ ಕೂಡಿಟ್ಟ ಹಣವನ್ನು ಹಳೆಯ ಕಾರಿಗೆ ಹಾಕುತ್ತವೆ. ಆ ಹಣದ ಜೊತೆಗೆ, ಬ್ರೇಕು ಕೈಕೊಟ್ಟರೆ, ಮನೆಯವರ ಪ್ರಾಣವೂ ಅದರ ಮೇಲೆ ನಿಂತಿರುತ್ತದೆ.

ವಾಹನ ರಸ್ತೆಗೆ ತಕ್ಕದ್ದಾಗಿದೆ ಎಂಬ ಸರ್ಟಿಫಿಕೇಟಿಗೆ ಕನ್ನಡದಲ್ಲಿ ಯೋಗ್ಯತಾಪತ್ರ ಎನ್ನುತ್ತಾರೆ. ಪದ ಬಹಳ ಸೊಗಸಾಗಿ ಕೂಡಿದೆ. ‘ಯೋಗ್ಯ’ ಎಂಬುದು ‘ಯುಜ್’ ಧಾತುವಿನಿಂದ ಬಂದದ್ದು. ನೊಗಕ್ಕೆ ಹೂಡಲು ತಕ್ಕದ್ದು ಎಂಬುದು ಅದರ ಹಳೆಯ ಅರ್ಥ. ಸಂಸ್ಕೃತ ನಿಘಂಟುಗಳಲ್ಲಿ ಬಂಡಿ ಎಳೆಯುವ ಪಶುವಿಗೂ ವಾಹನಕ್ಕೂ ಆ ಶಬ್ದವೇ ಉಂಟು. ಜಾತ್ರೆಯ ಎತ್ತಿಗೂ ಕಾರಿಗೂ ನಾನು ಹೋಲಿಕೆ ಹಚ್ಚಿದ್ದು ಅಷ್ಟೇನೂ ದೂರದ್ದಲ್ಲವೆಂದು ಇದರಿಂದ ತಿಳಿಯಬಹುದು.

ಬ್ರಿಟನ್ನಿನಲ್ಲಿ ಈ ಪರೀಕ್ಷೆಯ ಪದ್ಧತಿ ೧೯೬೦ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಮೊದಲು ಹತ್ತು ವರ್ಷ ತುಂಬಿದ ಕಾರುಗಳಿಗಿದ್ದ ಕಟ್ಟಳೆ ೧೯೬೭ರ ವೇಳೆಗೆ ಮೂರು ವರ್ಷದವಕ್ಕೂ ಬಂದಿತು. ಅಲ್ಲಿಂದ ಮುಂದೆ ಸ್ವಂತ ಕಾರಾದರೂ ಪ್ರತಿ ವರ್ಷ ಪರೀಕ್ಷೆಯಾಗಬೇಕು. ಪರೀಕ್ಷಕನು ಪಾಸು, ನಪಾಸು ಎಂದಷ್ಟೇ ಬರೆಯುವುದಿಲ್ಲ. ಪಾಸಾದ ಕಾರಿನಲ್ಲಿಯೂ ‘ಮುಂದಿನ ಎಡ ಟೈರು ಸವೆಯುತ್ತಿದೆ’, ‘ಬ್ರೇಕಿನ ಕೊಳವೆಗೆ ತುಕ್ಕು ಹತ್ತುತ್ತಿದೆ’ ಎಂದು ಎಚ್ಚರಿಕೆಯ ಟಿಪ್ಪಣಿಗಳನ್ನು ಸೇರಿಸುತ್ತಾನೆ, ಓಡಿದ ಮೈಲಿಯನ್ನೂ ಗುರುತುಹಾಕುತ್ತಾನೆ. ಅಲ್ಲಿನ ಬಹುಪಾಲು ಕಾರುಗಳ ೨೦೦೫ರಿಂದೀಚಿನ ಈ ಚರಿತ್ರೆಯನ್ನು ನಂಬರು ಕೊಟ್ಟು ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು.

ಅಂಥ ಚರಿತ್ರೆಯನ್ನು ಓದುವ ಬಗೆ ನಮಗೂ ಪಾಠವಾಗತಕ್ಕದ್ದು. ಒಮ್ಮೆ ನಪಾಸಾಗಿ, ವಾರದೊಳಗೆ ರಿಪೇರಿಯಾಗಿ ಪಾಸಾದ ಕಾರು ಕೆಟ್ಟ ಕಾರಲ್ಲ. ಅದಕ್ಕೊಬ್ಬ ಯಜಮಾನನಿದ್ದಾನೆಂದು ಅರ್ಥ. ಒಂದೇ ತುಕ್ಕಿನ ಟಿಪ್ಪಣಿ ಮೂರು ವರ್ಷ ಹಾಗೇ ಬಂದು, ಪ್ರತಿಸಲವೂ ‘ಸ್ವಲ್ಪ’ ಎಂಬುದು ‘ಹೆಚ್ಚು’ ಎಂದಾಗುತ್ತ ಹೋಗಿದ್ದರೆ, ಕಾರು ಪಾಸಾಗುತ್ತಲೇ ಇದ್ದರೂ ಅದನ್ನು ಕೇಳುವವರಿಲ್ಲ. ನಾವು ಶಾಲೆಯಲ್ಲಿ ಪ್ರಗತಿಪತ್ರ ಬರೆಯುವವರು. ಒಂದು ಪರೀಕ್ಷೆಯ ಅಂಕಕ್ಕಿಂತ ಅಂಕಗಳು ಹೋಗುತ್ತಿರುವ ದಿಕ್ಕು ಮುಖ್ಯವೆಂದು ಬಲ್ಲೆವು.

ನಮ್ಮ ದೇಶದಲ್ಲಿ ಸ್ವಂತ ಕಾರಿಗೆ ವರ್ಷವರ್ಷದ ಪರೀಕ್ಷೆಯಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯಂತೆ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ವಾಹನವನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಈ ನವೀಕರಣದ ಶುಲ್ಕ ೨೦೨೨ರ ಏಪ್ರಿಲ್ ೧ರಿಂದ ಕಾರಿಗೆ ೬೦೦ ರೂಪಾಯಿಗಳಿಂದ ೫,೦೦೦ಕ್ಕೆ ಏರಿತು. ೨೦೨೫ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರಿಗೆ ೧೦,೦೦೦ ಆಯಿತು. ಆದ್ದರಿಂದ ಹದಿನಾಲ್ಕು ವರ್ಷ ಹತ್ತು ತಿಂಗಳಾದ ಕಾರನ್ನು ಅವಸರದಿಂದ ಮಾರುವವರನ್ನು ಕಂಡರೆ, ಪರೀಕ್ಷೆಗೆ ಮುಂಚೆಯೇ ಏಕೆ ಎಂದು ಕೇಳುವುದು ಅವಿನಯವಲ್ಲ. ನವೀಕರಣವಾಗಿ ಬಂದ ಕಾರಿಗೆ ನಾಲ್ಕು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ.

ಇದರಲ್ಲೊಂದು ವಿಚಿತ್ರವೂ ಉಂಟು. ಹಳದಿ ಬೋರ್ಡಿನ ಬಾಡಿಗೆ ಕಾರು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಯೋಗ್ಯತಾಪತ್ರ ಪಡೆಯಬೇಕೆಂದು ೨೦೧೮ರಿಂದ ನಿಯಮವಿದೆ. ಹೀಗಾಗಿ ಬಾಡಿಗೆಯಿಂದ ಬಿಳಿ ಬೋರ್ಡಿಗೆ ಬದಲಾದ ಕಾರಿಗೆ ಮನೆಯ ಕಾರಿಗಿಂತ ಹೆಚ್ಚು ಪರೀಕ್ಷೆಗಳ ದಾಖಲೆ ಇರುತ್ತದೆ. ಆದರೆ ಅದು ಓಡಿದ ದೂರವೂ ಹಾಗೆಯೇ ಲಕ್ಷಗಟ್ಟಲೆ. ಮಾರುವವನು ಆ ಪೂರ್ವಾಶ್ರಮವನ್ನು ತಾನಾಗಿ ಹೇಳಿದರೆ ಮಾತು ಮುಂದುವರಿಸಬಹುದು. ಮುಚ್ಚಿಟ್ಟದ್ದು ಗೊತ್ತಾದರೆ ಎದ್ದು ಬರುವುದೇ ಲೇಸು.

ಉಳಿದ ಮನೆಯ ಕಾರುಗಳಿಗೆ ಚರಿತ್ರೆಯನ್ನು ನಾವೇ ಹೊಂದಿಸಬೇಕು. ಹರಿದ ಓಲೆಗರಿಗಳನ್ನು ಜೋಡಿಸಿ ಪಾಠವನ್ನು ನಿರ್ಣಯಿಸುವ ಕೆಲಸದಂತೆಯೇ ಇದು. ಕಂಪೆನಿಯ ವರ್ಕ್‌ಶಾಪಿನ ಸರ್ವಿಸು ಪುಸ್ತಕ, ಬೀದಿಯ ಮೆಕ್ಯಾನಿಕ್ಕು ಕೊಟ್ಟ ಚೀಟಿಗಳು, ಹೊಗೆ ತಪಾಸಣೆಯ ಪತ್ರಗಳು, ವಿಮೆಯ ಕಾಗದಗಳು, ಇವನ್ನೆಲ್ಲ ಕೇಳಿ ತೆಗೆದುಕೊಂಡು ತಾರೀಖಿನ ಕ್ರಮದಲ್ಲಿ ಇಟ್ಟು, ಪಕ್ಕದಲ್ಲಿ ಕಿಲೋಮೀಟರನ್ನು ಬರೆದುಕೊಳ್ಳಿ. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ೨೦೧೩ರಲ್ಲಿ ಕೊಂಡ ಕಾರು. ೨೦೧೫ರ ಚೀಟಿಯಲ್ಲಿ ೨೮,೦೦೦, ೨೦೧೭ರಲ್ಲಿ ೫೭,೦೦೦, ೨೦೧೯ರಲ್ಲಿ ೮೫,೦೦೦ ಕಿಲೋಮೀಟರು. ವರ್ಷಕ್ಕೆ ಸುಮಾರು ೧೪,೦೦೦ದಂತೆ ನಡೆದಿದೆ. ಆಮೇಲೆ ಚೀಟಿಗಳೇ ಇಲ್ಲ. ಈಗ ಮೀಟರು ೭೨,೦೦೦ ತೋರಿಸುತ್ತಿದೆ. ಇಲ್ಲಿ ಮೋಸ ಕಣ್ಣಿಗೆ ಹೊಡೆಯುತ್ತದೆ. ಈಗಿನ ಅಂಕಿ ೯೨,೦೦೦ ಎಂದಿದ್ದರೆ? ಸುಳ್ಳೆಂದು ತಟ್ಟನೆ ಹೇಳಲಾಗದು. ೨೦೨೦ರಿಂದ ಕೊರೋನಾ ಕಾಲದಲ್ಲಿ ಕಾರುಗಳು ಮನೆ ಮುಂದೆ ನಿಂತವು, ಎಷ್ಟೋ ಜನ ಮನೆಯಿಂದಲೇ ಕೆಲಸ ಮಾಡಿದರು. ಹಾಗೆಯೇ ೨೦೨೦ರ ಫೆಬ್ರವರಿಯಿಂದ ೨೦೨೧ರ ಅಕ್ಟೋಬರ್ ಕೊನೆಯವರೆಗೆ ಅವಧಿ ಮುಗಿದ ವಾಹನದ ಕಾಗದಗಳನ್ನು ಕೇಂದ್ರ ಸರ್ಕಾರವೇ ಊರ್ಜಿತವೆಂದು ವಿಸ್ತರಿಸಿತ್ತು. ಆ ಕಾಲದ ತೆರಪನ್ನು ಮಾಲೀಕನ ಅಲಕ್ಷ್ಯವೆಂದು ಎಣಿಸಬಾರದು. ಆಗ ಬೇರೆ ಸಾಕ್ಷಿ ಬೇಕು. ಬ್ರೇಕಿನ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹಿಡಿಜಾಗ, ಚಾಲಕನ ಸೀಟಿನ ಅಂಚು ನೋಡಿ. ತೊಂಬತ್ತು ಸಾವಿರದ ಕಾರಿನಲ್ಲಿ ಪೆಡಲು ಸವೆದು ಕಬ್ಬಿಣ ಕಂಡರೆ ಮೀಟರಿಗಿಂತ ಪೆಡಲನ್ನು ನಂಬಿ.

ಎರಡು ವರ್ಷ ನಿಂತ ಕಾರು ಕಡಿಮೆ ಸವೆದಿರುತ್ತದೆ ಎಂದೂ ನಂಬಬೇಡಿ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಟೈರು ಓಡದೆಯೂ ಬಿರಿಯುತ್ತದೆ. ಕೆಲವು ಇಂಜಿನ್ನುಗಳ ಟೈಮಿಂಗ್ ಬೆಲ್ಟು ರಬ್ಬರಿನದು. ಅದನ್ನು ಇಷ್ಟು ದೂರಕ್ಕೆ ಇಲ್ಲವೆ ಇಷ್ಟು ವರ್ಷಕ್ಕೆ ಬದಲಾಯಿಸಬೇಕೆಂದು ಪುಸ್ತಕದಲ್ಲಿ ಹೇಳಿರುತ್ತದೆ. ಓಡುವಾಗ ಅದು ಕಡಿದರೆ ಬಹಳಷ್ಟು ಇಂಜಿನ್ನುಗಳಲ್ಲಿ ವಾಲ್ವುಗಳಿಗೆ ಪಿಸ್ಟನ್ ಬಡಿದು ಇಂಜಿನ್ನೇ ಹಾಳಾಗುತ್ತದೆ. ಬದಲಾಯಿಸಿದ ಚೀಟಿ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಇಳಿಸಿ ಕೇಳಬೇಕು.

ಹೊಗೆ ತಪಾಸಣೆಯ ಪತ್ರವನ್ನು ಪೊಲೀಸರಿಗೆ ತೋರಿಸುವ ಚೀಟಿಯೆಂದು ನಾವು ಮಡಿಸಿಡುತ್ತೇವೆ; ಅದರಲ್ಲಿನ ಅಂಕಿಗಳನ್ನು ಓದುವವರು ಅಪರೂಪ. ಪೆಟ್ರೋಲು ಕಾರಿಗೆ ಅದರಲ್ಲಿ ಮುಖ್ಯವಾಗಿ ಎರಡು ಅಂಕಿಗಳಿರುತ್ತವೆ. ಇಂಗಾಲದ ಮಾನಾಕ್ಸೈಡು ಭಾರತ್ ಸ್ಟೇಜ್ ೪ರ ಕಾರಿನಲ್ಲಿ ಶೇಕಡಾ ೦.೩ನ್ನೂ, ಅದಕ್ಕೆ ಹಿಂದಿನ ಎರಡು, ಮೂರನೆಯ ಹಂತದವುಗಳಲ್ಲಿ ೦.೫ನ್ನೂ ಮೀರಬಾರದು. ಹೈಡ್ರೋಕಾರ್ಬನ್ನು, ಅಂದರೆ ಸುಡದೆ ಹೊರಬಂದ ಇಂಧನ, ಅನುಕ್ರಮವಾಗಿ ಹತ್ತು ಲಕ್ಷದಲ್ಲಿ ೨೦೦ ಮತ್ತು ೭೫೦ ಭಾಗ ಮೀರಬಾರದು. ಮೊದಲನೆಯದು ಪತ್ರದಿಂದ ಪತ್ರಕ್ಕೆ ಏರುತ್ತಿದ್ದರೆ ಇಂಧನ ಹೆಚ್ಚಾಗಿ ಹರಿಯುತ್ತಿದೆ, ಇಲ್ಲವೆ ಹೊಗೆಕೊಳವೆಯ ಶೋಧಕ ಸೋತಿದೆ; ಎರಡನೆಯದು ಏರಿದರೆ ಕಿಡಿ ತಪ್ಪುತ್ತಿರಬಹುದು, ಎಣ್ಣೆ ಉರಿಯುತ್ತಿರಬಹುದು. ಮಿತಿಯೊಳಗೇ ಇದ್ದರೂ ಏರಿಕೆ ಏರಿಕೆಯೇ. ನಾಲ್ಕು ಪತ್ರಗಳಲ್ಲಿಯೂ ಅಂಕಿಗಳು ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಕಾರು ಅಂದು ಅಲ್ಲಿಗೆ ಹೋಗಿತ್ತೇ ಎಂದು ಅನುಮಾನಿಸಲು ಅಡ್ಡಿಯಿಲ್ಲ.

ವಿಮೆಯ ಕಾಗದವೂ ಒಂದು ಕಥೆ ಹೇಳುತ್ತದೆ. ಪರಿಹಾರ ಕೇಳದ ವರ್ಷಗಳಿಗೆ ಕೊಡುವ ಬೋನಸ್ಸು ಶೇಕಡಾ ೨೦ರಿಂದ ಮೆಟ್ಟಿಲು ಮೆಟ್ಟಿಲಾಗಿ ೫೦ಕ್ಕೆ ಏರುತ್ತದೆ. ೪೫ ಇದ್ದದ್ದು ಮುಂದಿನ ವರ್ಷ ಸೊನ್ನೆಗೆ ಇಳಿದಿದ್ದರೆ ಆ ನಡುವೆ ಅಪಘಾತವೋ, ನೀರು ನುಗ್ಗಿದ್ದೋ, ವಿಮೆ ಕಟ್ಟದೆ ಬಿಟ್ಟದ್ದೋ ನಡೆದಿರಬೇಕು. ಬೋನಸ್ಸು ಮಾಲೀಕನದು, ಕಾರಿನದಲ್ಲ. ಅವನು ಅದನ್ನು ಹಳೆಯ ಕಾರಿನಿಂದ ತಂದಿರಲೂಬಹುದು ಎಂಬುದು ನೆನಪಿರಲಿ. ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ: ೨೦೧೫ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ, ನೆರೆಯಲ್ಲಿ ಮುಳುಗಿದ ಕಾರುಗಳು ಅನೇಕ. ಆ ತಿಂಗಳುಗಳ ಸಮೀಪದಲ್ಲಿ ದೊಡ್ಡ ರಿಪೇರಿಯ ಚೀಟಿಯೋ ಮಾಲೀಕರ ಬದಲಾವಣೆಯೋ ಕಂಡರೆ, ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಒಳಗೆ ಸುತ್ತಿಕೊಂಡಿರುವ ಆ ಪಟ್ಟಿಯ ತುದಿಯನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಕೆಸರಿನ ಗೆರೆ ಅಲ್ಲೇ ಇರುತ್ತದೆ.

ಕಾಗದವನ್ನು ಮೈಯೊಡನೆ ತಾಳೆ ನೋಡಲು ಇನ್ನೂ ಒಂದೆರಡು ಗುರುತುಗಳುಂಟು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದರೆ ೨೦೧೯ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ಆದದ್ದು. ಐದು ವರ್ಷದ ಕಾರು, ೨೫,೦೦೦ ಕಿಲೋಮೀಟರು ಮಾತ್ರ ಓಡಿದೆ ಎನ್ನುವವನು ನಾಲ್ಕೂ ಟೈರುಗಳನ್ನು ಏಕೆ ಬದಲಾಯಿಸಿದ? ಚಾಸಿಯ ಮೇಲಿನ ನಂಬರಿಗೆ ಕಾಗದವಿಟ್ಟು ಪೆನ್ಸಿಲು ತಿಕ್ಕಿದರೆ ಅಚ್ಚು ಮೂಡುತ್ತದೆ. ಶಾಸನದ ಪಡಿಯಚ್ಚು ತೆಗೆಯುವ ವಿಧಾನವೇ. ಅದು ನೋಂದಣಿ ಪತ್ರದ ನಂಬರಿಗೆ ಅಕ್ಷರಶಃ ಹೊಂದಬೇಕು. ಮಂಗಳೂರು, ಉಡುಪಿ ಕಡೆಯಿಂದ ಬಂದ ಕಾರಾದರೆ ಉಪ್ಪುಗಾಳಿಯ ತುಕ್ಕಿಗಾಗಿ ಅಡಿಭಾಗವನ್ನು ನೋಡಿಸಿ. ನಮ್ಮ ಬಯಲುಸೀಮೆಯದಾದರೆ ರೇಡಿಯೇಟರಿನ ಮುಚ್ಚಳ ತೆಗೆಸಿ, ಇಂಜಿನ್ನು ತಣ್ಣಗಿರುವಾಗ ಮಾತ್ರ. ಕೂಲಂಟಿನ ಬದಲು ಕೊಳವೆಬಾವಿಯ ಗಡಸು ನೀರನ್ನೇ ಸುರಿದಿದ್ದರೆ ಒಳಗೆ ಬಿಳಿಯ ಪಾಚಿಯಂಥ ಸುಣ್ಣ ಕಟ್ಟಿರುತ್ತದೆ. ಸರ್ವಿಸು ಪುಸ್ತಕ ಎಷ್ಟೇ ಚೊಕ್ಕಟವಾಗಿದ್ದರೂ ಆ ಇಂಜಿನ್ನು ಬೇಸಗೆಯಲ್ಲಿ ಕುದಿಯುತ್ತದೆ.

ನೋಂದಣಿ, ವಿಮೆ, ಹೊಗೆಪತ್ರ, ಸಾಲದ ಗುರುತು ಇವಿಷ್ಟನ್ನು ಸರ್ಕಾರದ ಎಂ-ಪರಿವಾಹನ್ ಎಂಬ ಮೊಬೈಲು ಸೌಕರ್ಯದಲ್ಲಿ ನೋಡಬಹುದು. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಮಾರುವವನೇ ಅದನ್ನು ತೆಗೆಸಿಕೊಡಲಿ. ವ್ಯಾಪಾರವಾದ ಮೇಲೆ ಹೆಸರು ವರ್ಗಾಯಿಸುವ ಕೆಲಸವನ್ನು ದಲ್ಲಾಳಿಗೆ ಬಿಟ್ಟು ಮರೆಯಬಾರದು. ಮಾರಿದವನು ರಾಜ್ಯದೊಳಗಾದರೆ ೧೪ ದಿನಗಳಲ್ಲಿ ವರದಿಮಾಡಬೇಕು, ಕೊಂಡವನಿಗೆ ೩೦ ದಿನ. ಕಾರು ಮೂರು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಆದ್ದರಿಂದ ಈ ಕೊನೆಯ ಓಡಾಟಕ್ಕೆ ಮಾರುವವನೂ ಕೊಳ್ಳುವವನೂ ಒಟ್ಟಿಗೇ ಸಾರಿಗೆ ಕಚೇರಿಗೆ ಹೋಗಿ, ಅರ್ಜಿ ಸಲ್ಲಿಸಿದ ರಸೀದಿಯ ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಆ ಕಾರನ್ನು ಕೊಳ್ಳುವವನಿಗೆ ಅದೂ ಒಂದು ಹಲ್ಲು.